ಫರಸಿಯ ಮೇಲೆ ನಾನು ಬೆಳೆಸಿದ ತೋಟ

ಕೆಳಗೆ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನನ್ನ ನೆತ್ತಿಯ ಮೇಲೆ ಉಳಿದಿರುವ ಹನ್ನೊಂದು ಕೂದಲಿನ ಆಣೆ. ಬೇಕಾದರೆ ಬಂದು ಎಣಿಸಿಕೊಳ್ಳಿ. ನಮ್ಮ ಮನೆಯಾಕೆ "ಒಂಬತ್ತೇ ಅವ" ಅನ್ನುತ್ತಾಳೆ. ಆಕೆಗೆ ದೂರದ್ದು ಕಾಣುವುದಿಲ್ಲ.

ತೋಟದ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಗಿಡದ್ದೇನೂ ತಕರಾರಿಲ್ಲ, ನೆಟ್ಟಲ್ಲಿ ನಿಂತಿರುತ್ತದೆ. ಅದರ ಸುತ್ತ ಓಡಾಡುವ ಮನುಷ್ಯರದ್ದೇ ಎಲ್ಲ ಫಜೀತಿ.

ಶಹಾಬಾದದಿಂದ ವಾಡಿಗೆ ಹೋಗುವ ಹಾದಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯ ಸಾವ್ಕಾರರೊಬ್ಬರ ಬಂಗ್ಲೆ ಇದೆ. ಸುತ್ತ ನಲವತ್ತು ಎಕರೆ. ಮೇಲೆ ಒಂದೂವರೆ ಅಡಿ ಮಣ್ಣು, ಅದರ ಕೆಳಗೆ ದೇವರೇ ಹಾಸಿದ ಫರಸಿ. ಇಲ್ಲಿ ಸಸಿ ನೆಡುವವರು ಸಲಿಕೆ ಹಿಡಿದು ಬರುವುದಿಲ್ಲ, ಹಾರೆ ಹಿಡಿದು ಬರುತ್ತಾರೆ. ಅಂಥ ನೆಲದಲ್ಲಿ ತೋಟ ಮಾಡುವ ತಾಕತ್ತು ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ತಾಲೂಕು ಜರಡಿ ಹಿಡಿದರೂ ಒಬ್ಬನಿಗೇ ಇತ್ತು. ಯಾರು ಅಂತ ನಾನೇ ಹೇಳಿದರೆ ಚೆಂದ ಕಾಣುವುದಿಲ್ಲ. ಆದರೂ ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ: ನಾನು.

ತೋಟದ ಮ್ಯಾನೇಜರ್ ಆಗಿ ಸೇರಿದ ದಿನವೇ ಸಾವ್ಕಾರರು ಷರತ್ತು ಹಾಕಿದರು.

"ಮಗಳಿಗಿ ಚಿಂಚೋಳಿ ಕಡೀದು ಸಂಬಂಧ ಬಂದದ. ದೀಪಾವಳಿ ಆದಮ್ಯಾಲ ಬೀಗರು ಮನಿ ನೋಡ್ಲಿಕ್ಕ ಬರ್ತಾರ. ಬೀಗತಿ ಭಾಳ ಖಡಕ್ ಅದಾರಂತ. ಹಿಂದ ಒಬ್ಬರ ಅಂಗಳದಾಗ ಪತ್ರಿ ಗಿಡ ಒಣಗಿತ್ತಂತ ಚಹಾ ಮುಟ್ಟಲಾರದ ಎದ್ದು ಹೋಗ್ಯಾರ. ಆವತ್ತ ನಮ್ಮ ಬಂಗ್ಲಿ ಮುಂದ ಹುಲ್ಲು, ಗಿಡ ಎಲ್ಲಾ ಹಚ್ಚಗ ಇರಬೇಕು. ಇರಲಿಲ್ಲಂದ್ರ ನಿಮ್ಮನ್ನ ಕಲ್ಲಿನ ಪಾಲಿಶ್ ಮಿಷನ್‌ಗೆ ಹಾಕ್ತೀನಿ."

"ಮಿಷನ್ ಕೆಲಸಕ್ಕ ಹಾಕ್ತೀರೋ, ಮಿಷನ್ ಬುಡಕ ಹಾಕ್ತೀರೋ?"

ಸಾವ್ಕಾರರು ನಗಲಿಲ್ಲ. "ಅದು ಹುಲ್ಲು ನೋಡಿ ಹೇಳ್ತೀನಿ" ಅಂದರು.

ಹೊರಗೆ ಬಂದರೆ ಮಗಳು ಕಂಬದ ಮರೆಯಲ್ಲಿ ನಿಂತಿದ್ದಳು. ಕಲಬುರಗಿಯಲ್ಲಿ ಹಲ್ಲಿನ ಡಾಕ್ಟರು. "ಕಾಕಾ, ಹುಡುಗ ನನಗ ಪಸಂದ ಅದಾನ. ಮೂರು ವರ್ಷದಿಂದ ಪಸಂದ ಅದಾನ, ಅಪ್ಪಗ ಗೊತ್ತಿಲ್ಲ. ನಿಮ್ಮ ಹುಲ್ಲಿನ ಸಲುವಾಗಿ ಇದು ಮುರೀತಂದ್ರ, ನಿಮ್ಮ ಹಲ್ಲು ಒಂದೊಂದೇ ಕೀಳ್ತೀನಿ. ಸೂಜಿ ಚುಚ್ಚಂಗಿಲ್ಲ."

ಅಂದಿನಿಂದ ನಾನು ಬಾಯಿ ಮುಚ್ಚಿಕೊಂಡೇ ಕೆಲಸ ಮಾಡಿದೆ.

ಮಾವಿನ ಗಿಡಕ್ಕೆ ಮೂರಡಿ ಗುಂಡಿ

ಸಾವ್ಕಾರರ ತಾಯಿಯನ್ನು ಎಲ್ಲರೂ ಆಯಿ ಅನ್ನುತ್ತಾರೆ. ಬಂಗ್ಲೆಯ ಮುಂದೆ ಒಂದು ಮಾವಿನ ಗಿಡ ಬೇಕು ಅಂದರು ಆಯಿ. ನಮ್ಮ ಮಾಲಿ ಚಾಚಾನ ಸೊಂಟ ಹಿಡಿದಿತ್ತು. ಹೀಗಾಗಿ ಸಾವ್ಕಾರರ ಖಣಿಯಿಂದಲೇ ನಾಲ್ಕು ಆಳು ಕರೆಸಿ, "ಇಲ್ಲಿ ಮೂರಡಿ ಗುಂಡಿ ತಗೀರಪಾ" ಅಂತ ಜಾಗ ತೋರಿಸಿ, ಸಸಿ ತರಲು ಸೇಡಂಗೆ ಹೋದೆ.

ಸಂಜೆ ಬಂದು ನೋಡುತ್ತೇನೆ, ನಾಲ್ವರೂ ಕಾಣುತ್ತಿಲ್ಲ. ನೆಲದ ಮಟ್ಟದಲ್ಲಿ ನಾಲ್ಕು ರುಮಾಲು ಮಾತ್ರ ಓಡಾಡುತ್ತಿವೆ. ಗುಂಡಿಯಲ್ಲ ಅದು, ಖಣಿ! ದಂಡೆಯ ಮೇಲೆ ಫರಸಿ ಅಳತೆಯ ಪ್ರಕಾರ ಬೇರೆ ಬೇರೆಯಾಗಿ, ಒಂದರ ಮೇಲೊಂದು ಥಪ್ಪಿ ಹಚ್ಚಿ ಇಟ್ಟಿದ್ದಾರೆ.

"ಏನ್ರೋ ಇದು! ಮೂರಡಿ ಅಂದಿದ್ನಲ್ಲೋ!"

ಅವರಲ್ಲಿ ಹಿರಿಯವನು ಕೆಳಗಿನಿಂದ ಮುಖ ಎತ್ತಿದ. "ಮೂರಡಿಗಿ ಬಿಡ್ಲಿಕ್ಕ ಮನಸ್ಸೇ ಬರ್ಲಿಲ್ರಿ ಕಾಕಾ. ಪದರ ಅಂದ್ರ ಏನ್ ಪದರ! ಹಪ್ಪಳ ಎತ್ತಿದಂಗ ಏಳ್ಲಿಕತ್ತದ."

"ಈಗ ಗಿಡ ಎಲ್ಲಿ ಹಚ್ಲಿ?"

"ಯಾವ ಗಿಡರೀ?"

ಅಷ್ಟರಲ್ಲಿ ಸಾವ್ಕಾರರ ಕಾರು ಬಂತು. ಬಾಗಿಲತನಕ ಹೋಗಲು ಹಾದಿಯಿಲ್ಲದೆ ಗುಂಡಿಯ ದಂಡೆಗೆ ನಿಂತಿತು. ನನ್ನ ಕಿವಿಯಲ್ಲಿ ಪಾಲಿಶ್ ಮಿಷನ್ ಗರ್ ಅನ್ನತೊಡಗಿತು. ಸಾವ್ಕಾರರು ಇಳಿದು ಗುಂಡಿ ನೋಡಿದರು, ನನ್ನನ್ನು ನೋಡಿದರು, ಒಂದು ಫರಸಿ ಎತ್ತಿ ಬೆರಳಿನಿಂದ ಬಡಿದರು. ಠಣ್ ಅಂತು. ಅವರ ಕಣ್ಣಲ್ಲಿ ನೀರು.

"ಇಂಥ ಕಲ್ಲಿನ ಸಲುವಾಗಿ ಎಲ್ಲೆಲ್ಲಿ ತಿರಗೀನಿ! ಇದು ನನ್ನ ಬಾಗಲ ಮುಂದೇ ಇತ್ತಲ್ಲಪ್ಪೋ!"

ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ ಮೆಲ್ಲಗೆ ಕೇಳಿದರು: "ಎರಡನೇ ಮಾವಿನ ಗಿಡ ಎಲ್ಲಿ ಹಚ್ಚಬೇಕಂತ ಮಾಡೀರಿ?"

ಕತ್ತರಿಯಿಂದ ಹುಟ್ಟಿದ ಆನೆ

ಒಮ್ಮೆ ಸಾವ್ಕಾರರು ಹೈದರಾಬಾದಿಗೆ ಹೋಗಿ ಬಂದು ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಯಾವುದೋ ದೊಡ್ಡ ಹೊಟೇಲಿನ ಮುಂದೆ ಗಿಡವನ್ನೇ ಆನೆಯ ಆಕಾರಕ್ಕೆ ಕತ್ತರಿಸಿ ನಿಲ್ಲಿಸಿದ್ದಾರೆ.

"ಬೀಗರು ಬರೋ ಹೊತ್ತಿಗಿ ನಮ್ಮಲ್ಲೂ ಇಂಥದೊಂದು ಆನಿ ನಿಂದರಬೇಕು."

"ಒಂದ್ಯಾಕ್ರಿ, ಜೋಡಿ ನಿಂದರಸ್ತೀನಿ" ಅಂದೆ. ನನಗೆ ಇಲ್ಲ ಅನ್ನುವ ಮಾತೇ ಬರುವುದಿಲ್ಲ.

ಗೇಟಿನ ಒಳಗೆ ಮನುಷ್ಯನಿಗಿಂತ ಎತ್ತರದ, ದಟ್ಟನೆಯ ಒಂದು ಪೊದೆಯಿತ್ತು. ಮಾಲಿ ಚಾಚಾನ ಕೈಗೆ ಕತ್ತರಿ ಕೊಟ್ಟು ನಾನು ಕುರ್ಚಿ ಹಾಕಿ ಕುಳಿತೆ.

"ಸಾಬ್, ನಾ ಹಾಥಿ ಕಟಿಂಗ್ ಮಾಡಿಲ್ರೀ."

"ನಾ ಹೇಳ್ತೀನಿ, ನೀ ಕತ್ತರಸು. ಮೊದಲ ಕಿವಿ ಬ್ಯಾರೆ, ತಲಿ ಬ್ಯಾರೆ ಮಾಡು."

ಚಾಚಾ ಕಿವಿ ಮತ್ತು ತಲೆಯ ನಡುವೆ ಕತ್ತರಿ ಹಾಕಿದ. ಪೊದೆಯ ಈ ಕಡೆಯಿಂದ ಆ ಕಡೆಗೆ ಅಂಗೈಯಷ್ಟು ತೂತು ಬಿತ್ತು. ಅದನ್ನು ಮುಚ್ಚಲು ಬರುವುದಿಲ್ಲವಲ್ಲ, ಮುಂದುವರಿದೆವು. ಒಂದು ಕಿವಿ ದೊಡ್ಡದಾಯಿತು, ತಗ್ಗಿಸಿದೆವು. ಇನ್ನೊಂದು ದೊಡ್ಡದಾಗಿ ಕಂಡಿತು, ಅದನ್ನೂ ತಗ್ಗಿಸಿದೆವು. ಹತ್ತು ಗಂಟೆಗೆ ಆನೆಯಾಗಿದ್ದದ್ದು ಹನ್ನೆರಡಕ್ಕೆ ಸೊಂಡಿಲು ಉದುರಿ ಎಮ್ಮೆಯಾಯಿತು. ಊಟ ಮಾಡಿ ಬಂದಾಗ ಎಮ್ಮೆ ಕತ್ತೆಯಾಯಿತು. ಚಹಾ ಹೊತ್ತಿಗೆ ಕಾಲು, ಬಾಲ, ಮುಖ ಎಲ್ಲ ಹೋಗಿ, ಅಗಲವಾದ ಬುಡದ ಮೇಲೆ ನುಣ್ಣಗಿನ ಒಂದು ಗುಂಡು ಮಾತ್ರ ಉಳಿಯಿತು. ನಡುವೆ ಆ ತೂತು.

"ಸಾಬ್, ಇನ್ನ ಕತ್ತರಿಸಿದ್ರ ಜಮೀನ್ ಹತ್ತತದ" ಅಂದ ಚಾಚಾ. ಕತ್ತರಿ ಇಳಿಸಿ ಇಬ್ಬರೂ ಮನೆಗೆ ಹೋದೆವು.

ಬೆಳಿಗ್ಗೆ ರಾಜೀನಾಮೆ ಹೇಗೆ ಕೊಡಬೇಕೆಂದು ಯೋಚಿಸುತ್ತ ಬಂದವನು ಗೇಟಿನಲ್ಲೇ ಕಲ್ಲಾದೆ. ಪೊದೆಯ ಎಲೆಗಳ ಮೇಲೆ ವಿಭೂತಿಯ ಮೂರು ಗೆರೆ! ಕೊರಳಿಗೆ ಚೆಂಡು ಹೂವಿನ ಹಾರ! ಮುಂದೆ ಒಡೆದ ತೆಂಗಿನಕಾಯಿ! ಆಯಿ ಕೈ ಮುಗಿದು ನಿಂತಿದ್ದಾರೆ.

"ನಿನ್ನಿ ಮುಂಜಾನಿ ಇರಲಿಲ್ಲ. ಇವತ್ತ ಎದ್ದಾನ ನಮ್ಮಪ್ಪ, ನೆಲದಾಗಿಂದ ಲಿಂಗಾಗಿ ಎದ್ದಾನ! ನಡಬರಕ ಕಣ್ಣು ನೋಡ್ರೋ!"

ಸಾವ್ಕಾರರು ಓಡಿ ಬಂದರು. "ಎಲ್ರೀ ಮ್ಯಾನೇಜರೇ, ನನ್ನ ಆನಿ?"

ನಾನು ಬಾಯಿ ತೆರೆಯುವುದರೊಳಗೆ ಆಯಿ ತಿರುಗಿದರು. "ಆನಿ ತಗೊಂಡು ಏನ್ ಮಾಡ್ತೀಯೋ? ಸಾಕ್ಷಾತ್ ಸ್ವಾಮಿ ಬಂದು ನಿಂತಾನ. ಮೊದಲ ಬೂಟ್ ಕಳಿ!"

ಸಾವ್ಕಾರರು ಬೂಟು ಕಳೆದರು. ನಾನು ಅದಕ್ಕೂ ಮೊದಲೇ ಕಳೆದಿದ್ದೆ. ಮಾಲಿ ಚಾಚಾ ಕತ್ತರಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದ.

ಅವತ್ತಿನಿಂದ ಆ ಪೊದೆಗೆ ಕತ್ತರಿ ಸೋಕಿಸುವಂತಿಲ್ಲ. ದೇವರು ದಿನದಿನಕ್ಕೆ ಬೆಳೆಯುತ್ತಿದ್ದಾನೆ. ಆಯಿ ಅದನ್ನು ಪವಾಡ ಅನ್ನುತ್ತಾರೆ. ನಾನು ಅದನ್ನು ಗೊಬ್ಬರ ಅನ್ನುವುದಿಲ್ಲ.

ಒಂದೂ ಬಿಡಬ್ಯಾಡ್ರಿ

ಬಂಗ್ಲೆಯ ಮುಂದೆ ಅರ್ಧ ಎಕರೆ ಲಾನ್. ಹೈದರಾಬಾದಿನಿಂದ ಚಾಪೆಯಂತೆ ಸುತ್ತಿ ಲಾರಿಯಲ್ಲಿ ತಂದು ಹಾಸಿದ ಹುಲ್ಲು. ಮಳೆಗಾಲ ಮುಗಿದಾಗ ಅದರೊಳಗೆ ಕಳೆ ಎದ್ದಿತು. ಬೀಗರು ಬರಲು ಹದಿಮೂರು ದಿನ ಉಳಿದಿತ್ತು. ಸಾವ್ಕಾರರು ಕಲ್ಲಿನ ವ್ಯಾಪಾರಕ್ಕೆ ಪರವೂರಿಗೆ ಹೋಗಿದ್ದರು. ಸೇಡಂ ಹತ್ತಿರದ ಹಳ್ಳಿಯಿಂದ ಹತ್ತು ಮಂದಿ ಹೆಂಗಸರನ್ನು ಕರೆಸಿದೆ. ತೊಗರಿ ಹೊಲದಲ್ಲಿ ಕಳೆ ತೆಗೆಯುವುದರಲ್ಲಿ ಅವರ ಕೈ ಹಿಡಿಯುವವರಿಲ್ಲ.

"ಕಳಿ ಭಾಳ ಬೆಳದದ. ಒಂದೂ ಬಿಡಬ್ಯಾಡ್ರಿ" ಅಂದು ಊಟಕ್ಕೆ ಹೋದೆ. ಉಂಡು ಸ್ವಲ್ಪ ಮಲಗಿದೆ. ಸ್ವಲ್ಪ ಅಂದರೆ ನಾಲ್ಕು ಗಂಟೆಯತನಕ.

ಎದ್ದು ಬಂದು ನೋಡಿದರೆ, ಅರ್ಧ ಎಕರೆಯೂ ಕರ್ರಗಿನ ಮಣ್ಣು! ಅದರ ನಡುನಡುವೆ ರಾಜಗಿರಿ, ಹತ್ತರಕಿ, ಗೋಳಿ ಪಲ್ಯ, ಹೀಗೆ ತಾನಾಗಿ ಎದ್ದ ಸೊಪ್ಪು ಮಾತ್ರ ತೊಳೆದಿಟ್ಟ ಹಾಗೆ ನಿಂತಿವೆ.

"ಹುಲ್ಲೆಲ್ಲಿ ಅದವ್ವಾ!" ಅಂತ ಒದರಿದೆ.

ಗುಂಪಿನ ಹಿರಿಯಾಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ತಗದೇವ್ರಿ. ಭಾಳ ಹಾಳ ಹುಲ್ಲು ಇತ್ರಿ. ಎಷ್ಟು ವರ್ಷದಿಂದ ಬಿಟ್ಟಿದ್ರೋ ಏನೋ, ಒತ್ತೊತ್ತಾಗಿ ಹಬ್ಬಿತ್ತು. ಒಂದು ಎಳಿ ಸುದ್ದಾ ಬಿಟ್ಟಿಲ್ಲ, ಬೇಕಿದ್ರ ನೋಡ್ಕೋರಿ."

"ಆ ಹುಲ್ಲು ನಾವು ಹೈದರಾಬಾದದಿಂದ ಖರೀದಿ ಮಾಡಿ ತಂದಿದ್ವಿ!"

ಹತ್ತೂ ಮಂದಿ ನಿಂತವರು ಕುಳಿತುಬಿಟ್ಟರು. ನನಗಿಂತ ಅವರಿಗೇ ಹೆಚ್ಚು ಆಘಾತವಾಗಿತ್ತು. "ಹುಲ್ಲು? ಖರೀದಿ ಮಾಡಿ?" ಅಂತ ಒಬ್ಬಳು ಬಾಯಿ ಮೇಲೆ ಕೈಯಿಟ್ಟಳು. ಇನ್ನೊಬ್ಬಳು ಪಕ್ಕದವಳ ಕಿವಿಯಲ್ಲಿ, "ಪಾಪ, ಯಾರೋ ಕಾಕಾಗ ಮೋಸ ಮಾಡ್ಯಾರ" ಅಂದದ್ದು ನನಗೂ ಕೇಳಿಸಿತು.

"ಮತ್ತ ಈ ಪಲ್ಯ ಯಾಕ ಬಿಟ್ಟೀರಿ?"

"ಏನ್ ಮಾತ್ರೀ ಇದು! ತಿನ್ನೋದನ್ನ ಯಾರರ ಕಿತ್ತು ಒಗೀತಾರೇನು?"

ಕಿತ್ತ ಹುಲ್ಲನ್ನೇ ಮತ್ತೆ ಹಾಸಬಹುದೆಂಬ ಆಸೆಯಿಂದ ಕೇಳಿದೆ, "ತಗದಿದ್ದು ಎಲ್ಲಿ ಇಟ್ಟೀರಿ?"

"ಇಲ್ಲೇ ಇಟ್ರ ಮತ್ತ ಹಬ್ಬತದಂತ ಆಯಿ ಎಮ್ಮಿಗಿ ಹಾಕಿ ಬಂದೇವ್ರಿ."

ನಾಲ್ಕು ದಿನದ ಮೇಲೆ ಸಾವ್ಕಾರರ ಫೋನು ಬಂತು. ಎತ್ತಿದೆ. "ಶಾಬಾಸ್ ಮ್ಯಾನೇಜರೇ! ನೀವು ಮೇವು ಬದಲಿ ಮಾಡಿದ್ಮ್ಯಾಲ ಎಮ್ಮಿ ಎರಡು ಲೀಟರ್ ಹೆಚ್ಗಿ ಕೊಡ್ಲಿಕತ್ತದಂತ, ಆಯಿ ಹೇಳಿದ್ರು."

ಬೀಗತಿ ಬಗ್ಗಿ ನೋಡಿದ್ದು

ಹುಲ್ಲು ಹೋದ ಮಾರನೆಯ ದಿನವೇ ಮಗಳು ಕಲಬುರಗಿಯಿಂದ ಬಂದಳು. ಕರಿ ಮಣ್ಣು ನೋಡಿದಳು. ನನ್ನ ಹಲ್ಲುಗಳನ್ನು ಒಂದು ಕಡೆಯಿಂದ ನೋಡುತ್ತ ಹೋದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುವುದು ಹೊರಗೆ ಕೇಳಿಸಿತು. ಆಗ ಮಾತ್ರ ನನ್ನ ಹಲ್ಲಿನ ಚಿಂತೆ ನನಗೆ ಮರೆತುಹೋಯಿತು.

ಅದೇ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಅದ್ಭುತ ಉಪಾಯ ಹೊಳೆಯಿತು. ಹೊಳೆದದ್ದು ಕೂಲಿ ಕೇಳಲು ಬಂದಿದ್ದ, ಆ ಕಳೆ ತೆಗೆದ ಹಿರಿಯಾಕೆಯ ಬಾಯಿಂದ, ಆದರೆ ಕೇಳಿದ ಕಿವಿ ನನ್ನದೇ.

"ಹಚ್ಚಗ ಕಾಣಬೇಕು, ಅಷ್ಟೇ ಅಲ್ಲೇನ್ರಿ ಕಾಕಾ? ಮೆಂತಿ ಕಾಳು ಉಗ್ಗಿಬಿಡ್ರಿ. ಹತ್ತು ದಿನದಾಗ ನೆಲ ಕಾಣಂಗಿಲ್ಲ."

ಚಿತ್ತಾಪುರದ ಕಿರಾಣಿ ಅಂಗಡಿಗೆ ಹೋಗಿ ಎರಡು ಚೀಲ ಮೆಂತೆ ಕಾಳು ಕೇಳಿದೆ. ಅಂಗಡಿಯವನು ತಕ್ಕಡಿ ಬಿಟ್ಟು ನನ್ನ ಕೈ ಹಿಡಿದುಕೊಂಡ. "ಎರಡು ಚೀಲ? ಶುಗರ್ ಅಷ್ಟು ಏರ್ಯಾದೇನ್ರಿ? ಮೊದಲ ಡಾಕ್ಟರಿಗಿ ತೋರಸ್ರಿ."

ಅದೇ ಹತ್ತು ಹೆಂಗಸರು ಬಂದು ಬಿತ್ತಿದರು, ನೀರು ಬಿಟ್ಟರು. ಹನ್ನೊಂದನೆಯ ದಿನ ಬಂಗ್ಲೆಯ ಮುಂದೆ ಹಸಿರು ಮಖಮಲ್ ಹಾಸಿದ ಹಾಗಾಯಿತು. ಮರುದಿನ ಸಾವ್ಕಾರರು ಊರಿನಿಂದ ಬಂದವರೇ ಹಿಗ್ಗಿ ಹೋದರು.

"ಭಾಳ ಛಂದ ಅದ! ಒಂಥರಾ ವಾಸನಿ ಬರ್ಲಿಕತ್ತದಲ್ಲ?"

"ಅಸಲಿ ಹುಲ್ಲಿನ ವಾಸನಿ ಹಂಗೇ ಇರ್ತದ್ರಿ. ದಯಮಾಡಿ ಮ್ಯಾಲ ಯಾರೂ ಕಾಲಿಡಬ್ಯಾಡ್ರಿ."

ಬೀಗರು ಎರಡು ಕಾರಿನಲ್ಲಿ ಬಂದರು. ಬೀಗತಿ ಎತ್ತರದ ಆಳು, ಇಳಕಲ್ ಸೀರೆ, ದಪ್ಪ ಚಷ್ಮ. ಕುರ್ಚಿಗಳನ್ನು ನಾನು ಬೇಕಂತಲೇ ಪಡಸಾಲೆಯಲ್ಲಿ ಹಾಕಿಸಿದ್ದೆ. ಆದರೆ ಸಾವ್ಕಾರರಿಗೆ ಹೆಮ್ಮೆ ತಡೆಯಬೇಕಲ್ಲ! "ಬರ್ರಿ, ಬರ್ರಿ, ನಮ್ಮ ಲಾನ್ ಮ್ಯಾಲೇ ಕುಂದ್ರೂಣು" ಅಂದುಬಿಟ್ಟರು.

ಹತ್ತಿಪ್ಪತ್ತು ಕಾಲು ಅದರ ಮೇಲೆ ಬಿದ್ದದ್ದೇ ತಡ, ಒಗ್ಗರಣೆ ಹಾಕಿದ ಅಡುಗೆಮನೆಯ ಬಾಗಿಲು ತೆರೆದಂತೆ ಘಮ್ಮಂತ ಮೆಂತೆಯ ವಾಸನೆ ಎದ್ದಿತು. ಬೀಗತಿ ನಿಂತರು. ಬಗ್ಗಿದರು. ಒಂದು ಎಸಳು ಕಿತ್ತು, ತಿಕ್ಕಿ, ಮೂಸಿ, ಬಾಯಿಗೆ ಹಾಕಿಕೊಂಡು ಅಗಿದರು. ಚಹಾ ತಂದ ಮಗಳು ಬಾಗಿಲಲ್ಲೇ ನಿಂತಳು. ನಾನು ಮಾತ್ರ ಸಾವ್ಕಾರರ ಪಕ್ಕದಲ್ಲಿ ಎದೆ ಸೆಟೆಸಿ ನಿಂತಿದ್ದೆ.

"ಇದು ಮೆಂತಿ ಅದ" ಅಂದರು ಬೀಗತಿ.

"ಇಲ್ರೀ, ಹೈದರಾಬಾದದ ಹುಲ್ಲು..." ಅಂದರು ಸಾವ್ಕಾರರು.

"ನಾ ಹೊಲದಾಗೇ ಮುದುಕಿ ಆಗೀನ್ರಿ ಬೀಗರೇ. ನನಗ ಮೆಂತಿ ಗುರ್ತ ಸಿಗಲ್ಲೇನು?"

ಸಾವ್ಕಾರರ ಮುಖ ಫರಸಿಯ ಬಣ್ಣಕ್ಕೆ ತಿರುಗಿತು. ಆಗ ಕೋಲೂರುತ್ತ ಬಂದರು ನಮ್ಮ ಆಯಿ. ಮೊಮ್ಮಗಳ ಮುಖ ಒಮ್ಮೆ ನೋಡಿದರು. ಬೀಗತಿಯ ಕಡೆ ತಿರುಗಿದರು.

"ಮೆಂತೀನೇ ಅದವಾ. ಎಲ್ಲಾರೂ ಬೀಗತ್ಯಾರಿಗಿ ಅಂಗಡಿ ಅಕ್ಕಿಲೆ ಉಡಿ ತುಂಬತಾರ. ನಮ್ಮ ಮನಿ ಪದ್ಧತಿ ಬ್ಯಾರೆ. ಬೀಗತಿ ಕಾಲಿಡೋ ನೆಲದಾಗೇ ಬಿತ್ತಿ, ಹಸರಿಲೆ ಉಡಿ ತುಂಬತೀವಿ. ಹಿಡಿರಿ ಸೆರಗು!"

ಸಾವ್ಕಾರರು ಅದೇ ಮನೆಯಲ್ಲಿ ಹುಟ್ಟಿ ಬೆಳೆದವರು, ಈ ಪದ್ಧತಿಯನ್ನು ಅವತ್ತೇ ಮೊದಲು ಕೇಳಿದ್ದು.

ಬೀಗತಿ ಚಷ್ಮ ತೆಗೆದು ಕಣ್ಣು ಒರೆಸಿಕೊಂಡರು. "ಹೋದ ಹೋದ ಮನಿ ಮುಂದೆಲ್ಲ ಬರೇ ಹುಲ್ಲು, ಬರೇ ದಿಮಾಕು. ತಿನ್ನೋದು ಬೆಳದು ಉಡಿ ತುಂಬೋ ಮನಿ ಇದೊಂದೇ ನೋಡಿದೆ" ಅಂದವರೇ ಸೆರಗೊಡ್ಡಿದರು. ಆಯಿ ತುಂಬಿದರು. ಮುಂದಿನದನ್ನು ಹೇಗೆ ಹೇಳಲಿ! ರೇಷ್ಮೆ ಸೀರೆಯ ಅಷ್ಟೂ ಹೆಂಗಸರು ಕಚ್ಚೆ ಕಟ್ಟಿದವರಂತೆ ಕುಕ್ಕರಗಾಲಿನಲ್ಲಿ ಕುಳಿತು ಸಾಲು ಹಿಡಿದರು. ಡ್ರೈವರುಗಳು ಕಾರಿನ ಡಿಕ್ಕಿ ತೆರೆದರು. ಚಹಾ ಆರುವುದರೊಳಗೆ ಲಾನ್ ಮತ್ತೆ ಕರ್ರಗಿನ ಮಣ್ಣು.

ಸಂಬಂಧ ಗಟ್ಟಿಯಾಯಿತು. ಮಗಳು ನನ್ನ ಹಲ್ಲು ಪುಕ್ಕಟೆ ಸ್ವಚ್ಛ ಮಾಡಿಕೊಡುವುದಾಗಿ ಮಾತು ಕೊಟ್ಟಳು. ಕಾರು ಹತ್ತುವಾಗ ಬೀಗತಿ ಸಾವ್ಕಾರರಿಗೆ ಹೇಳಿದರು: "ಲಗ್ನದ ಹೊತ್ತಿಗಿ ಸಬ್ಬಸಗಿ ಹಾಕಸ್ರಿ."

ಎಲ್ಲ ಖರೆ. ಆದರೆ ಹನ್ನೊಂದು ಕೂದಲಿನ ಆಣೆ ಮಾಡಿದ್ದೇನಲ್ಲ, ಒಂದೇ ಒಂದು ಸಣ್ಣ ಸಂಗತಿ ಒಪ್ಪಿಕೊಳ್ಳಲೇಬೇಕು. ಬೀಗತಿ ಬಗ್ಗಿದಾಗ ನಾನು ಸಾವ್ಕಾರರ ಪಕ್ಕದಲ್ಲಿ ಎದೆ ಸೆಟೆಸಿ ನಿಂತಿದ್ದೆ ಅಂದೆನಲ್ಲ, ಅದನ್ನು ಕಟ್ಟಿ ಹೇಳಿದ್ದು. ನಾನು ಗೇಟಿನ ಹತ್ತಿರ ನಮ್ಮ ಸ್ವಾಮಿಯ ಹಿಂದೆ ಮೊಣಕಾಲೂರಿ ಕುಳಿತು, ಹಣೆಗೆ ಅವನದೇ ವಿಭೂತಿ ಬಳಿದುಕೊಂಡು, "ಇನ್ನ ಸಾಯೋತನಕ ನಿನಗ ಕತ್ರಿ ಹಚ್ಚಂಗಿಲ್ಲಪ್ಪೋ" ಅಂತ ಹರಕೆ ಹೊರುತ್ತಿದ್ದೆ. ಬಲಗಡೆ ಮಾಲಿ ಚಾಚಾನೂ ಇದ್ದ.

ಹಾಗಾದರೆ ಇಷ್ಟೆಲ್ಲ ಹೇಗೆ ಕಂಡಿತು ಅನ್ನುತ್ತೀರಾ? ಆ ತೂತಿನೊಳಗಿಂದ. ಸ್ವತಃ ದೇವರ ಕಣ್ಣಿನಿಂದಲೇ ನೋಡಿದ್ದೇನೆ. ಇನ್ನು ನಿಮ್ಮ ಅನುಮಾನ ಏನಿದ್ದರೂ ಬೂಟು ಕಳೆದು ಬಂದು ಕೇಳಿ.