ಟಾಸ್ ನಾಣ್ಯವೂ ತಿಪ್ಪಮ್ಮನ ಮುಡಿಪೂ

"ಇನ್ನೈದು ವರ್ಷ ನೋಡ್ತಿರು! ತುಮಕೂರು ಅಂದ್ರೆ ಜನ ಮೊದ್ಲು ನನ್ನ ಮ್ಯೂಸಿಯಂ ಹೆಸ್ರು ಹೇಳ್ತಾರೆ, ಮಿಕ್ಕಿದ್ದೆಲ್ಲ ಆಮೇಲೆ!" ಎಂದು ಷಡಕ್ಷರಿ ಘೋಷಿಸಿದ್ದು ಇಡ್ಲಿ ತಿನ್ನುತ್ತಾ. ಅವನ ಮಹಾಪ್ರತಿಜ್ಞೆಗಳೆಲ್ಲ ಇಡ್ಲಿ ತಿನ್ನುವಾಗಲೇ ಹುಟ್ಟುವುದು. ಚಟ್ನಿ ಖಾರವಾದಷ್ಟೂ ಪ್ರತಿಜ್ಞೆಯೂ ಜೋರು.

"ಮೊದ್ಲು ಆ ಹಾಕಿ ಸ್ಟಿಕ್ಕು ಟೇಬಲ್ ಕೆಳಗಿಂದ ತೆಗೀರಿ. ಕಾಲು ಚಾಚೋಕಾಗ್ತಿಲ್ಲ," ಎಂದಳು ಹೆಂಡತಿ ಅನುಪಮಾ. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಕೆ. ಯಾವ ಘೋಷಣೆಗೂ ಪುರಾವೆ ಕೇಳುವ ಕೆಟ್ಟ ಅಭ್ಯಾಸ.

ಷಡಕ್ಷರಿಗೆ ಶಿರಾ ಗೇಟಿನ ಹತ್ತಿರ ಮೋಟಾರ್ ರಿಪೇರಿ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತಿ ಜೀವ ಕೊಡುವುದು ಹೊಟ್ಟೆಪಾಡು. ಹಳೆಯ ಕ್ರೀಡಾ ಸಾಮಾನು ಕೂಡಿಹಾಕುವುದು ಹುಚ್ಚು. ಯಾವುದೋ ಒಂದು ಆಟದ್ದಾದರೆ ಸರಿ ಎನ್ನಬಹುದಿತ್ತು. ಇವನಿಗೆ ಎಲ್ಲ ಆಟವೂ ಬೇಕು! ಕಡಬದ ಯಾರದೋ ಅಟ್ಟದಿಂದ ಇಳಿಸಿದ, ಒಣಗಿ ಹಪ್ಪಳವಾದ ಚರ್ಮದ ಫುಟ್‌ಬಾಲು. ಗುಬ್ಬಿಯ ಬಾಲ್ ಬ್ಯಾಡ್ಮಿಂಟನ್ ಕ್ಯಾಪ್ಟನ್ ಒಬ್ಬರು ಐವತ್ತು ವರ್ಷದ ಹಿಂದೆ ಬೀಸಿದ ಬ್ಯಾಟು. ಕುಣಿಗಲ್ಲಿನ ರೇಸ್ ಕುದುರೆಯೊಂದರ ಲಾಳ. ಗರಡಿಮನೆಯ ಗದೆ. ಮೂಲೆ ಸವೆದ ಕೇರಂ ಬೋರ್ಡು. ಇಷ್ಟೆಲ್ಲ ಕೂಡಿಹಾಕಿದ ಮಹಾನುಭಾವ ತಾನು ಮಾತ್ರ ಜೀವಮಾನದಲ್ಲಿ ಒಂದು ಆಟ ಆಡಿದವನಲ್ಲ. ಸ್ಕೂಲಿನಲ್ಲಿ ಉಳಿದ ಹುಡುಗರು ಕಬಡ್ಡಿ ಆಡುವಾಗ ಅವರ ಚಪ್ಪಲಿ ಕಾಯುತ್ತಿದ್ದವನು!

ಮ್ಯೂಸಿಯಂ ಕಟ್ಟುವತನಕ ಈ ಭಂಡಾರಕ್ಕೆಲ್ಲ ಆಶ್ರಯ ಕೊಟ್ಟದ್ದು ಅವನ ತಾಯಿ ತಿಪ್ಪಮ್ಮನ ರೂಮು. ಎಪ್ಪತ್ತೆಂಟರ ಆ ಮುದುಕಿ ತನ್ನ ಮಂಚಕ್ಕೆ ಹೋಗಬೇಕಾದರೆ ಗದೆ ದಾಟಿ, ಹರ್ಡಲ್ಸ್ ಕಂಬ ಬಳಸಿ, ಕೇರಂ ಬೋರ್ಡು ಸರಿಸಿ ಹೋಗಬೇಕು. ದಿನಕ್ಕೆ ನಾಲ್ಕು ಸಲ ಇದೇ ಓಟ.

"ಇದು ಮನೇನೋ ಗುಜರಿ ಅಂಗಡೀನೋ? ಶಿವನೇ, ನೀನೇ ಏನಾದ್ರೂ ಒಂದು ದಾರಿ ಮಾಡಪ್ಪ," ಎಂದು ಆಕೆ ಲಿಂಗಪೂಜೆಗೆ ಕೂತಾಗಲೂ ಗೊಣಗುತ್ತಿದ್ದಳು. ಆ ಗೊಣಗಾಟಕ್ಕೆ ಮಗ ಕಿವಿ ಕೊಟ್ಟವನೇ ಅಲ್ಲ.

ಹೀಗಿರುವಾಗ ಅವನ ಕೈಗೆ ಬಂತು ನೋಡಿ, ಕಾಳಯ್ಯನವರ ನಾಣ್ಯ!

ಕಾಳಯ್ಯ ಕುಣಿಗಲ್ ಕಡೆಯ ಕೊತ್ತಗೆರೆಯವರು. ನಲವತ್ತು ವರ್ಷ ಕಬಡ್ಡಿ ರೆಫ್ರಿ. ಅವರ ಹತ್ತಿರ ಇದ್ದದ್ದು ಹಿಂದಿನ ಕಾಲದ ಒಂದು ಬೆಳ್ಳಿ ರೂಪಾಯಿ. ಒಂದು ಕಡೆ ಯಾವುದೋ ರಾಜನ ತಲೆ, ಇನ್ನೊಂದು ಕಡೆ ಸವೆದ ಬಳ್ಳಿ. ಕೊತ್ತಗೆರೆಯ ಬಯಲಿನಲ್ಲಿ ಯಾವ ಫೈನಲ್ ಮ್ಯಾಚೂ ಆ ನಾಣ್ಯ ಚಿಮ್ಮದೆ ಶುರುವಾದದ್ದಿಲ್ಲ. ಗುಬ್ಬಿಯವರೂ ಕುಣಿಗಲ್ಲಿನವರೂ ಟಾಸ್ ವಿಷಯಕ್ಕೇ ತಲೆ ಒಡೆದುಕೊಳ್ಳುವುದರಲ್ಲಿದ್ದಾಗ ಆ ನಾಣ್ಯ ನೋಡಿ ಸುಮ್ಮನಾದರಂತೆ. ಅಷ್ಟು ನಂಬಿಕೆ ಅದರ ಮೇಲೆ! ಷಡಕ್ಷರಿ ಮೂರು ತಿಂಗಳು ಅವರ ಹಿಂದೆ ಬಿದ್ದು, ಫೋಟೋ ತೆಗೆದು ಒಂದು ವಾರದಲ್ಲಿ ವಾಪಸ್ ಕೊಡುತ್ತೇನೆಂದು ಕೈಕಾಲು ಹಿಡಿದ ಮೇಲೆ ಮುದುಕರು ಒಪ್ಪಿದ್ದರು.

"ಹೆಂಡ್ತಿ ಸತ್ತಾಗ್ಲೂ ಇದನ್ನ ಜೇಬಿಂದ ತೆಗ್ದಿರ್ಲಿಲ್ಲ ಸ್ವಾಮಿ. ನಿಮ್ಮನ್ನ ನಂಬಿ ಕೊಡ್ತಾ ಇವ್ನಿ. ಬರೋ ಭಾನ್ವಾರ ಹತ್ತ್ ಗಂಟ್ಗೆ ನನ್ ಮೊಮ್ಮಗನ ಫೈನಲ್ ಐತೆ. ಅಷ್ಟೊತ್ಗೆ ನನ್ ಕೈಲಿರ್ಬೇಕು," ಎಂದಿದ್ದರು.

"ಯಜಮಾನ್ರೇ, ತಲೆ ಹೋದ್ರೂ ನಾಣ್ಯ ಹೋಗಲ್ಲ!" ಎಂದು ಇವನು ಎದೆ ಮುಟ್ಟಿಕೊಂಡು ಹೇಳಿದ್ದ.

ಶನಿವಾರ ಸಂಜೆ ಐದಕ್ಕೆ ಕಾಳಯ್ಯನವರ ಫೋನು ಬಂತು. "ನಾಳೆ ಮರೀಬ್ಯಾಡಿ ಸ್ವಾಮಿ."

"ಮರೆಯೋದಾ? ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಿದೀನಿ!" ಎನ್ನುತ್ತಲೇ ಷಡಕ್ಷರಿ ಬೀರು ತೆಗೆದ. ವೆಲ್ವೆಟ್ ಡಬ್ಬಿ ಇತ್ತು. ಡಬ್ಬಿಯೊಳಗೆ ವೆಲ್ವೆಟ್ಟೂ ಇತ್ತು. ನಾಣ್ಯ ಇರಲಿಲ್ಲ!

ಮುಂದಿನ ಅರ್ಧ ಗಂಟೆ ಆ ಮನೆಯಲ್ಲಿ ಭೂಕಂಪ. ಬೀರು ಬರಿದಾಯಿತು, ದಿಂಬುಗಳು ಹಾರಿದವು, ಸಾಸಿವೆ ಡಬ್ಬಿಯೊಳಗೂ ಕೈ ಹೋಯಿತು.

"ಏನ್ರೀ ಹುಡುಕ್ತಿದೀರ?" ಪೇಪರ್ ತಿದ್ದುತ್ತಿದ್ದ ಅನುಪಮಾ ಕೇಳಿದಳು.

"ಕಾಳಯ್ಯನವರ ಟಾಸ್ ನಾಣ್ಯ ಕಣೇ! ಕಾಣ್ತಿಲ್ಲ!"

"ಆ ಕಪ್ಪಗಿತ್ತಲ್ಲ, ಅದಾ? ಸೋಮವಾರ ಅತ್ತೆ ಆ ಡಬ್ಬಿ ತೆಗೆದು ನೋಡ್ತಿದ್ರು. ಆಮೇಲೆ ಸ್ನಾನ ಮಾಡ್ಕೊಂಡು ದೇವರ ಮನೇಲಿ ಮುಡಿಪು ಕಟ್ಟಿದ್ರು."

ಷಡಕ್ಷರಿ ದೇವರ ಮನೆಗೆ ಓಡಿ ನೋಡಿದ. ಗೋಡೆಯ ಮೊಳೆಯಲ್ಲಿ ಅರಿಶಿನದ ಬಟ್ಟೆಯ ಪುಟ್ಟ ಗಂಟು ತೂಗುತ್ತಿತ್ತು. ಗಂಟಿನೊಳಗೆ ನಾಣ್ಯದ ದುಂಡನೆಯ ಉಬ್ಬು!

ಹರಕೆ ಹೊತ್ತು ಕಟ್ಟಿದ ಮುಡಿಪು ಎಂದರೆ ತಮಾಷೆಯಲ್ಲ. ಹರಕೆ ಈಡೇರುವತನಕ ಅದನ್ನು ಬಿಚ್ಚುವಂತಿಲ್ಲ. ಈಡೇರಿದ ಮೇಲೆ ಕ್ಷೇತ್ರಕ್ಕೇ ಹೋಗಿ, ದೇವರ ಮುಂದೆ ಬಿಚ್ಚಿ, ನಾಣ್ಯವನ್ನು ಹುಂಡಿಗೆ ಹಾಕಬೇಕು. ಅಷ್ಟರಲ್ಲಿ ಯಾರಾದರೂ ಕೈಯಿಟ್ಟರೆ ದೇವರಿಗಿಂತ ಮೊದಲು ತಿಪ್ಪಮ್ಮನೇ ನೋಡಿಕೊಳ್ಳುತ್ತಾಳೆ.

ಅವನ ಬೆರಳು ಗಂಟಿಗೆ ಇನ್ನೂ ಒಂದು ಗೇಣು ದೂರದಲ್ಲಿತ್ತು. ಹಿಂದಿನಿಂದ ಗುಡುಗು ಕೇಳಿಸಿತು.

"ಏಯ್! ಕೈ ತೆಗಿ! ಎಡೆಯೂರು ಸಿದ್ಧಲಿಂಗಪ್ಪನ ಮುಡಿಪು ಕಣೋ ಅದು!"

"ಅವ್ವ, ಏನವ್ವ ಹರಕೆ?"

"ಬಾಯಿ ಬಿಟ್ಟು ಹೇಳಿದ್ರೆ ಫಲ ಇಲ್ಲ."

"ನನ್ ವಿಷ್ಯಾನಾ?"

"ಇನ್ಯಾರ್ ವಿಷ್ಯ? ನನಗಿರೋನು ನೀನೊಬ್ಬ. ನಿನ್ನ ಈ ಗುಜರಿ ಕಾಟ ತಡೀಲಾರ್ದೇ ಕಟ್ಟಿದೀನಿ. ಇನ್ನು ಕೇಳ್ಬೇಡ ಹೋಗು," ಎಂದು ತಿಪ್ಪಮ್ಮ ಅವನನ್ನು ಹೊರಗಟ್ಟಿದಳು.

ಸಾಕಲ್ಲ! ಷಡಕ್ಷರಿಗೆ ಎಲ್ಲ ಹೊಳೆದುಹೋಯಿತು. ಮಗನ ಹುಚ್ಚು ಬಿಡಲಿ ಎಂದು ಅವ್ವ ಹರಕೆ ಹೊತ್ತಿದ್ದಾಳೆ! ಪೇಪರ್ ತಿದ್ದುತ್ತಿದ್ದ ಹೆಂಡತಿಯ ಮುಂದೆ ಬಂದು ಕುಸಿದು ಕೂತ.

"ಅನು, ನಾಳೆ ಕಾಳಯ್ಯನವರ ಮುಖ ಹೆಂಗೆ ನೋಡ್ಲಿ? ಎಂಬತ್ತು ವರ್ಷದ ಮುದುಕ್ರು ನಂಬಿ ಕೊಟ್ಟಿದ್ದು. ಇದು ಹೋದ್ರೆ ಅವ್ರ ಪ್ರಾಣಾನೇ ಹೋಗುತ್ತೆ ಕಣೇ."

ಅನುಪಮಾ ಪೆನ್ನು ಕೆಳಗಿಟ್ಟಳು. "ಹರಕೆ ತೀರಿದ್ರೆ ತಾನೆ ಗಂಟು ಬಿಚ್ಚೋದು? ತೀರಿಸಿಬಿಡಿ."

"ಅಂದ್ರೆ... ಸಂಗ್ರಹ ಬಿಡೋದಾ?"

"ನಾಣ್ಯ ಬೇಕೋ, ಹುಚ್ಚು ಬೇಕೋ, ನೀವೇ ನೋಡಿ."

ಇಪ್ಪತ್ತು ವರ್ಷದ ಹುಚ್ಚು! ಷಡಕ್ಷರಿ ಒಮ್ಮೆ ಫುಟ್‌ಬಾಲ್ ನೋಡಿದ, ಒಮ್ಮೆ ಲಾಳ ನೋಡಿದ. ಆಮೇಲೆ ಕಾಳಯ್ಯನವರ ಮಾತು ನೆನಪಾಯಿತು. ಎದ್ದು ತಾಯಿಯ ಹತ್ತಿರ ಹೋದ.

"ಅವ್ವ, ಬೆಳಿಗ್ಗೆ ಎಡೆಯೂರಿಗೆ ಹೋಗೋಣ. ಮುಡಿಪು ತಗೋ. ನಿನ್ ಹರಕೆ ನಾನು ನಾಳೆನೇ ತೀರಿಸ್ತೀನಿ."

ತಿಪ್ಪಮ್ಮನ ಕಣ್ಣು ಅಗಲವಾಯಿತು. "ನಾಳೆಗೇ? ಇಷ್ಟ್ ಬೇಗನಾ? ಎಲ್ಲಾ ಆಯ್ತೇನೋ?"

"ಎಲ್ಲಾ ಆಯ್ತವ್ವ," ಎಂದ, ತಿಥಿ ಊಟಕ್ಕೆ ಕರೆಯುವವನ ದನಿಯಲ್ಲಿ.

ಬೆಳಗಿನ ಜಾವ ಐದೂವರೆಗೆ ಕಾರು ಹೊರಟಿತು. ತಿಪ್ಪಮ್ಮ ಮದುವೆಗೆ ಮಾತ್ರ ತೆಗೆಯುವ ರೇಷ್ಮೆ ಸೀರೆ ಉಟ್ಟು, ಮುಡಿಪನ್ನು ಮಡಿಲಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ನಗುನಗುತ್ತಾ ಕೂತಿದ್ದಳು. ಆ ನಗು ನೋಡಿದಷ್ಟೂ ಮಗನ ಹೊಟ್ಟೆ ಉರಿಯಿತು. ನನ್ನ ಮ್ಯೂಸಿಯಂ ಸತ್ತದ್ದಕ್ಕೆ ಇಷ್ಟು ಸಂಭ್ರಮವೇ! ಆದರೂ ಅವನೇನು ಪೂರ್ತಿ ಶರಣಾದವನಲ್ಲ. ಜೇಬಿನಲ್ಲಿ ಹತ್ತು ರೂಪಾಯಿಯ ಒಂದು ಬಿಲ್ಲೆ ಇಟ್ಟುಕೊಂಡಿದ್ದ. ಅವ್ವ ಗಂಟು ಬಿಚ್ಚಿದ ತಕ್ಷಣ ಕೈಬದಲಾಯಿಸಿ ಹುಂಡಿಗೆ ಈ ಬಿಲ್ಲೆ ಹಾಕುವ ಸಂಚು. ದೇವರು ಕ್ಷಮಿಸುತ್ತಾನೆ, ಕಾಳಯ್ಯ ಕ್ಷಮಿಸುವುದಿಲ್ಲ ಎಂಬ ಲೆಕ್ಕ.

ಎಡೆಯೂರಿನಲ್ಲಿ ಜನ ಇನ್ನೂ ಕಡಿಮೆ ಇದ್ದರು. ಗದ್ದುಗೆಯ ಮುಂದೆ ಷಡಕ್ಷರಿ ಉದ್ದಂಡ ನಮಸ್ಕಾರ ಹಾಕಿ ಎದ್ದು, ಕೈಮುಗಿದು, ದೇವಸ್ಥಾನಕ್ಕೆಲ್ಲ ಕೇಳುವಂತೆ ಹೇಳಿದ.

"ಸಿದ್ಧಲಿಂಗಪ್ಪ! ನಿನ್ನಾಣೆಗೂ ಹೇಳ್ತೀನಿ. ಇನ್ಮೇಲೆ ನಾನು ಒಂದು ಹಳೇ ಬ್ಯಾಟು, ಒಂದು ಬಾಲು, ಒಂದು ಲಾಳ, ಏನೂ ಮನೆಗೆ ತರೋದಿಲ್ಲ! ಬಿಟ್ಟೆ! ಇವತ್ತಿಗೆ ಬಿಟ್ಟೆ!"

ಹೇಳುತ್ತಾ ಹೇಳುತ್ತಾ ಅವನಿಗೆ ಅಳುವೇ ಬಂತು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು 'ಬಿಟ್ಟೆ' ಎನ್ನುವುದಷ್ಟನ್ನೇ ಕೇಳಿಸಿಕೊಂಡು ಅನುಪಮಳ ಕೈ ಹಿಡಿದಳು. "ಬುಡ್ಲಿ ಬುಡವ್ವ, ಒಳ್ಳೇದಾಯ್ತು. ನಮ್ಮನೆಯೋರೂ ಇಲ್ಲೇ ಆಣೆ ಮಾಡಿ ಕುಡಿಯೋದ್ ಬುಟ್ಟಿದ್ದು."

"ಇವ್ರದ್ದು ಅದಕ್ಕಿಂತ ಜಾಸ್ತಿ ಆಗಿತ್ತು," ಎಂದಳು ಅನುಪಮಾ.

ಷಡಕ್ಷರಿ ಕಣ್ಣೊರೆಸಿಕೊಂಡು ತಾಯಿಯ ಕಡೆ ತಿರುಗಿದ. "ಅವ್ವ, ಹರಕೆ ತೀರ್ತು. ಬಿಚ್ಚು."

ತಿಪ್ಪಮ್ಮನ ಮುಖದಲ್ಲಿದ್ದ ನಗು ಎಲ್ಲಿ ಹೋಯಿತೋ! ಮುಡಿಪನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. "ಏನ್ಲಾ ಇದು? ಏನ್ ಮಾಡ್ಬಿಟ್ಟೆ? ಎಲ್ಲೋ ತೀರ್ತು? ಬಿಚ್ಚಲ್ಲ ನಾನು!"

"ಬಿಚ್ಚಲ್ವಾ?"

"ಬಿಚ್ಚಲ್ಲ ಅಂದ್ರೆ ಬಿಚ್ಚಲ್ಲ!"

ಗಂಟೆ ಎಂಟಾಗಿತ್ತು. ಅತ್ತ ಹುಚ್ಚೂ ಹೋಯಿತು, ಇತ್ತ ನಾಣ್ಯವೂ ಬರಲಿಲ್ಲ. ಷಡಕ್ಷರಿ ಅಲ್ಲೇ ಕಂಬಕ್ಕೆ ಒರಗಿ ಕೂತು, ಐವತ್ತೆರಡು ವರ್ಷದ ಗಂಡಸು ಎನ್ನುವುದನ್ನೂ ಮರೆತು ಗೋಳಾಡಿದ. "ಅವ್ವ, ಅದು ನಂದಲ್ಲ ಕಣವ್ವ! ಕಾಳಯ್ಯನವರ ಟಾಸ್ ನಾಣ್ಯ. ಎರಡು ಗಂಟೇಲಿ ಅವ್ರ ಕೈಗೆ ಕೊಡ್ಬೇಕು. ನೀನು ಅದನ್ನ ದೇವ್ರಿಗೆ ಕಟ್ಬಿಟ್ಟಿದೀಯ!"

"ಯಾವ ನಾಣ್ಯ?"

"ಡಬ್ಬೀಲಿತ್ತಲ್ಲವ್ವ, ಕಪ್ಪಗೆ!"

"ಥೂ ನಿನ್ನ! ಆ ಸವ್ದೋಗಿರೋ ಬಿಲ್ಲೆನಾ? ಅಂಥದ್ದನ್ನ ಯಾರಾದ್ರೂ ದೇವ್ರಿಗೆ ಕಟ್ತಾರೇನೋ? ಮುಡಿಪಿಗೆ ಹೊಸಾ ಐದು ರೂಪಾಯಿ ಹಾಕಿದೀನಿ." ತಿಪ್ಪಮ್ಮ ಸೊಂಟದಿಂದ ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿ ತೆಗೆದು, ಅದರೊಳಗಿಂದ ಏನೋ ಎತ್ತಿದಳು. "ಅಂಚು ತೆಳ್ಳಗಿತ್ತು. ಸುಣ್ಣ ಕೆರೆಯೋಕೆ ಚೆನ್ನಾಗದೆ ಅಂತ ಇಟ್ಕೊಂಡಿದ್ದೆ."

ರಾಜನ ತಲೆ ಸುಣ್ಣ ಮೆತ್ತಿಕೊಂಡು ನಗುತ್ತಿತ್ತು!

ಷಡಕ್ಷರಿ ನಾಣ್ಯವನ್ನೂ ತಾಯಿಯ ಕೈಯನ್ನೂ ಒಟ್ಟಿಗೆ ಹಿಡಿದು ಕಣ್ಣಿಗೊತ್ತಿಕೊಂಡ. ಆ ಕ್ಷಣಕ್ಕೆ ಅವನಿಗೆ ಮ್ಯೂಸಿಯಮ್ಮೂ ಬೇಡ, ಮೋಟಾರೂ ಬೇಡ. ಹೋದ ಜೀವ ಬಂದಂತಾಯಿತು. ಸಂಚಿನ ಹತ್ತು ರೂಪಾಯಿಯನ್ನು ತಪ್ಪೊಪ್ಪಿಗೆಯಾಗಿ ತಾನೇ ಹುಂಡಿಗೆ ಹಾಕಿ ಕಾರು ಹತ್ತಿದ.

ಒಂಬತ್ತೂ ಮುಕ್ಕಾಲಿಗೆ ಕೊತ್ತಗೆರೆಯ ಬಯಲು ತಲುಪಿದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರ್ಟು ತೊಟ್ಟ ಕಾಳಯ್ಯ ರಸ್ತೆಗೇ ಬಂದು ಕಾಯುತ್ತಿದ್ದರು. ನಾಣ್ಯ ಕೈಗೆ ಬಂದದ್ದೇ ತಡ, ಹೆಬ್ಬೆರಳಲ್ಲಿ ಸವರಿ, ಮೂಗಿನ ಹತ್ತಿರ ಹಿಡಿದು ಹುಬ್ಬು ಗಂಟಿಕ್ಕಿದರು.

"ಇದೇನ್ ಸ್ವಾಮಿ, ಸುಣ್ಣದ್ ವಾಸ್ನೆ ಬತ್ತೈತೆ?"

"ಕ್ಲೀನಿಂಗ್ ಯಜಮಾನ್ರೇ! ಮ್ಯೂಸಿಯಮ್ಮಿನೋರು ಹಿಂಗೇ ಮಾಡೋದು!"

ವಿಜ್ಞಾನದ ಟೀಚರ್‌ಗೆ ಜೋರಾಗಿ ಕೆಮ್ಮು ಬಂತು.

"ನಲವತ್ತ್ ವರ್ಷದಲ್ಲಿ ಇಷ್ಟ್ ಬೆಳ್ಳಗೆ ನೋಡಿರ್ಲಿಲ್ಲ. ಎಷ್ಟ್ ಜ್ವಾಪಾನ ಮಾಡಿದೀರಿ!" ಎಂದು ಕಾಳಯ್ಯ ಹನಿಗಣ್ಣಾದರು. ಬಯಲಿನ ಮಧ್ಯೆ ನಿಂತು ನಾಣ್ಯ ಚಿಮ್ಮಿದರು. ಅದು ಬಿಸಿಲಿಗೆ ಹೊಳೆದು ಅವರ ಅಂಗೈಗೇ ಬಂದು ಬಿತ್ತು. ಊರಿಗೆ ಊರೇ ಶಿಳ್ಳೆ ಹಾಕಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಷಡಕ್ಷರಿ. ಯಾವ ತಂಡ ಟಾಸ್ ಗೆದ್ದಿತೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಮ್ಯಾಚು ಮುಗಿದ ಮೇಲೆ ಕಾಳಯ್ಯ ಅವರನ್ನು ಮನೆಗೆ ಕರೆದೊಯ್ದು ಮಜ್ಜಿಗೆ ಕೊಟ್ಟರು. ಆಮೇಲೆ ಒಳಗಿನಿಂದ ಒಂದು ತಗಡಿನ ಟ್ರಂಕು ಎಳೆತರಿಸಿ ಮುಚ್ಚಳ ತೆಗೆದರು. ಹಿತ್ತಾಳೆ ಪೀಪಿ! ಚಾಂಪಿಯನ್ ತಂಡದ ನಂಬರ್ ಬರೆದ ಬನೀನು! ಹಳೇ ಸ್ಕೋರ್ ಪುಸ್ತಕಗಳು, ಕಪ್ಪು ಬಿಳುಪು ಫೋಟೋಗಳು!

"ಮಾತು ಉಳ್ಸ್ಕೊಂಡ್ರಿ ಸ್ವಾಮಿ. ಇದನ್ನೆಲ್ಲ ನಿಮ್ಗೇ ಕೊಡಾವ ಅಂತ ಇವ್ನಿ. ತಕಂಡೋಗಿ."

ಷಡಕ್ಷರಿ ಟ್ರಂಕಿನ ಕಡೆ ಚಾಚಿದ ಕೈಯನ್ನು ಬೆಂಕಿ ಮುಟ್ಟಿದವನಂತೆ ಹಿಂದಕ್ಕೆಳೆದುಕೊಂಡ. ಮೂರು ಗಂಟೆಯ ಹಿಂದಷ್ಟೇ ಇಟ್ಟ ಆಣೆ! "ಬೇಡ ಯಜಮಾನ್ರೇ... ದೇವ್ರ ಮುಂದೆ ಬಿಟ್ಬಿಟ್ಟೆ," ಎಂದು ತೊದಲಿ ತಾಯಿಯನ್ನು ನೋಡಿದ. "ನೋಡವ್ವ, ನಿನ್ನಾಸೆ ತೀರ್ತಲ್ಲ."

ತಿಪ್ಪಮ್ಮ ಹಣೆ ಚಚ್ಚಿಕೊಂಡಳು. "ಎಲ್ಲಿ ತೀರ್ತು ಮಂಕೇ? ಹರಕೆಗೆ ನೀನೇ ಎಳ್ಳುನೀರು ಬಿಟ್ಟ ಮೇಲೆ ಇನ್ನು ಮುಚ್ಚಿಟ್ಟೇನು? ನಿನ್ನ ಮ್ಯೂಸಿಯಮ್ಮು ಬೇಗ ಆಗ್ಲಿ ಅಂತ ಕಣೋ ನಾನು ಮುಡಿಪು ಕಟ್ಟಿದ್ದು! ಅದಾದ್ರೆ ಸಾಮಾನೆಲ್ಲ ಅಲ್ಲಿಗೆ ಹೋಗ್ತದೆ, ನನ್ನ ರೂಮು ನಂಗೆ ಸಿಗ್ತದೆ ಅಂತ! ನಿನ್ನೆ ನೀನು 'ಎಲ್ಲಾ ಆಯ್ತು' ಅಂದಾಗ ಮ್ಯೂಸಿಯಮ್ಮೇ ಆಯ್ತು ಅಂದ್ಕೊಂಡು ರೇಷ್ಮೆ ಸೀರೆ ಬೇರೆ ಉಟ್ಕೊಂಡು ಬಂದೆ!"

ಅನುಪಮಾ ಮಜ್ಜಿಗೆ ಲೋಟದ ಹಿಂದೆ ಮುಖ ಮರೆಸಿಕೊಂಡು ಕುಲುಕಿ ಕುಲುಕಿ ನಗುತ್ತಿದ್ದಳು.

ತಿಪ್ಪಮ್ಮ ಟ್ರಂಕಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡಳು. "ಆಣೆ ಇಟ್ಟಿದ್ದು ಯಾರು?"

"ನಾನು," ಎಂದ ಷಡಕ್ಷರಿ ಮೆಲ್ಲಗೆ.

"ಹ್ಞಾ. ನೀನು ಇಟ್ಟಿದೀಯ, ನಾನಿಟ್ಟಿಲ್ಲ. ಕಾಳಯ್ಯನೋರೇ, ಟ್ರಂಕು ನನಗೆ ಕೊಡಿ. ಮ್ಯೂಸಿಯಮ್ಮು ನಾನೇ ಮಾಡ್ತೀನಿ. ಇವನು ಕಾರು ಓಡ್ಸಿದ್ರೆ ಸಾಕು!"

ಟ್ರಂಕು ಡಿಕ್ಕಿ ಸೇರಿತು. ಷಡಕ್ಷರಿ ಅದನ್ನು ಮುಟ್ಟುವಂತೆಯೂ ಇರಲಿಲ್ಲ, ಹುಡುಗರೇ ಎತ್ತಿಟ್ಟರು. ಸುಖವೋ ದುಃಖವೋ ತಿಳಿಯದ ಒಂದು ಉಸಿರು ಬಿಟ್ಟು ಅವನು ಗಾಡಿ ಸ್ಟಾರ್ಟ್ ಮಾಡಿದ. ಊರ ಬಾಗಿಲು ದಾಟುವ ಮೊದಲೇ ಹಿಂದಿನ ಸೀಟಿನಿಂದ ಪೀಪಿ ಕಿರುಚಿತು.

"ಏನ್ಲಾ! ಹಂಪು ಕಾಣಲ್ವಾ? ನಿಧಾನಕ್ಕೆ ಓಡ್ಸು! ಹಿಂದೆ ನನ್ನ ಸಾಮಾನದೆ!"