ಮಾವನ ಕೋಲು ಮತ್ತು ದಿಲ್ಲಿಯ ಓಟ

ಓಡುವವರ ಕೈ ಹಿಡಿದವಳು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬೆನ್ನು ಹತ್ತಿ ಬರುತ್ತವೆ. ಈಗ ನಾನಿರುವ ಜಬಲ್ಪುರದಲ್ಲಿ ಟಿವಿಯಲ್ಲಿ ರಿಲೇ ಓಟ ಬಂದರೆ ಮನೆಯವರೆಲ್ಲ ಓಡುವವರನ್ನು ನೋಡುತ್ತಾರೆ. ನಾನು ಅವರ ಕೈಯ ಕೋಲನ್ನು ನೋಡಿ ನಗುತ್ತೇನೆ. ಅಂಥದೊಂದು ಕೋಲಿನಿಂದಾಗಿ ನನ್ನ ಮದುವೆಯೇ ತಪ್ಪಿಹೋಗುವುದರಲ್ಲಿತ್ತು.

ನಾನು ಹುಟ್ಟಿದ್ದು ಕಾಸರಗೋಡು ಕಡೆಯ ಮಂಗಲ್ಪಾಡಿಯಲ್ಲಿ. ನಮ್ಮದು ಅಳಿಯಕಟ್ಟಿನ ಮನೆ. ಆಸ್ತಿ ಹೋಗುವುದು ಮಾವನಿಂದ ಸೋದರಳಿಯನಿಗೆ. ಯಜಮಾನಿಕೆ ಅಮ್ಮನ ಅಣ್ಣನದು, ಅಂದರೆ ನನ್ನ ದೊಡ್ಡ ಮಾವನದು. ನನ್ನನ್ನು ಯಾರಿಗೆ ಕೊಡಬೇಕೆಂದು ಹೇಳಬೇಕಾದದ್ದೂ ಅವರೇ. ಅಪ್ಪ ತಂದ ಸಂಬಂಧ ಪೈವಳಿಕೆ ಕಡೆಯದು, ಹುಡುಗ ಮಿಲಿಟರಿಯಲ್ಲಿ. ಉಪ್ಪಳದಲ್ಲಿ ಹೊರಟ ರೈಲಿನ ಹಿಂದೆ ಓಡಿ ಅವರು ಕೊನೆಯ ಡಬ್ಬಿಗೆ ಹತ್ತಿದ್ದನ್ನು ನಾನು ಒಮ್ಮೆ ನೋಡಿದ್ದೆ. ನನಗೆ ಅಷ್ಟು ಸಾಕಿತ್ತು. ಮಾವನಿಗೆ ಸಾಕಾಗಲಿಲ್ಲ.

ಓಟವೋ, ಓಟೋ

ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆಯ ಮಾತು ಎಲ್ಲರ ಬಾಯಲ್ಲಿದ್ದ ಕಾಲ. ವೋಟಿಗೆ ನಮ್ಮಲ್ಲಿ ಓಟು ಎಂದೇ ಹೇಳುವುದು. ಅಪ್ಪ ಜಗಲಿಯ ತುದಿಯಲ್ಲಿ ಕುಳಿತು, “ಏಷ್ಯಾದ ದೇಶಗಳೆಲ್ಲ ಸೇರುತ್ತವಂತೆ. ಹುಡುಗ ನಮ್ಮ ದೇಶದ ಪರವಾಗಿ ಓಟಕ್ಕೆ ದಿಲ್ಲಿಗೆ ಹೋಗಿದ್ದಾನೆ ಭಾವ” ಎಂದರು.

ಮಾವನಿಗೆ ಕಿವಿ ಸ್ವಲ್ಪ ಮಂದ. ಅವರಿಗೆ ಕೇಳಿಸಿದ್ದು “ಓಟಿಗೆ”. ಅವರು ಇಬ್ಬರಿಗೆ ಹೇಳಿದರು, ಇಬ್ಬರು ಊರಿಗೆ ಹೇಳಿದರು. ಮರುದಿನ ಅಂಗಡಿಯ ಕಾಕ ಒಂದು ಬಾಳೆಗೊನೆ ಹೊತ್ತು ತಂದು ಅಂಗಳದಲ್ಲಿಳಿಸಿದರು.

“ನಿಮ್ಮ ಹುಡುಗ ಗೆದ್ದರೆ ನಮ್ಮ ತೋಡಿಗೆ ಒಂದು ಸಂಕ ಹಾಕಿಸಲಿಕ್ಕೆ ಹೇಳಿ. ಮಳೆಗಾಲದಲ್ಲಿ ನೀರು ತುಂಬಿದರೆ ಸೇತುವೆ ಇಲ್ಲದೆ ದಾಟಲಿಕ್ಕೆ ಭಾರೀ ಕಷ್ಟ ಉಂಟು.”

ಅಪ್ಪ ಕೈ ಮುಗಿದರು. “ಅವ ಓಟಿಗೆ ನಿಂತದ್ದಲ್ಲ ಮಾರಾಯ್ರೆ, ಓಡುವುದು!”

ಒಳಗಿನಿಂದ ಮಾವ ಕೇಳಿದರು: “ನಿಲ್ಲದೆ ಓಡಿಹೋಗುವವನಿಗೆ ಓಟು ಹಾಕುವುದು ಯಾರು?”

ಕಾಕ ಗೊನೆಯನ್ನು ಮತ್ತೆ ಹೆಗಲಿಗೇರಿಸಿದರು. “ಓಡುವವನಾದರೆ ತೋಡನ್ನು ಹಾರಿಯೇ ದಾಟಿಯಾನು. ಅವನಿಗೆ ಸಂಕದ ಕಷ್ಟ ಎಂತ ಗೊತ್ತು?”

ಕಂಟ್ರೋಲಿನ ಬಟ್ಟೆ

ಓಟವೆಂದರೆ ಓಟವೇ ಎಂದು ಮಾವನಿಗೆ ತೋರಿಸಲು ಅಪ್ಪ ಒಂದು ಪೇಪರು ತಂದರು. ಅದರಲ್ಲಿ ನಮ್ಮ ದೇಶದ ತಂಡದ ಪಟ ಬಂದಿತ್ತು. ಪೇಪರು ಮೊದಲು ಸಿಕ್ಕಿದ್ದು ಅಜ್ಜಿಯ ಕೈಗೆ.

“ಇದೆಂತ, ಎಲ್ಲರೂ ಚಡ್ಡಿಯಲ್ಲಿದ್ದಾರಲ್ಲ! ನಮ್ಮ ಹುಡುಗ ಯಾವುದು?”

“ಎಡಬದಿಯ ಕೊನೆಯವ ಅತ್ತೆ.”

ಅಜ್ಜಿ ಪಟವನ್ನು ಬೆಳಕಿಗೆ ಹಿಡಿದರು. ಅಕ್ಕಿಯ ಹಾಗೆ ಬಟ್ಟೆಗೂ ಸರಕಾರದ ಕಂಟ್ರೋಲು ಇದ್ದ ದಿನಗಳವು. “ಪಾಪ, ದಿಲ್ಲಿಯಲ್ಲಿಯೂ ಬಟ್ಟೆ ಸಿಗುವುದಿಲ್ಲ ಅಂತ ಕಾಣ್ತದೆ” ಎಂದು ಒಳಗೆ ಹೋಗಿ ಪೆಟ್ಟಿಗೆಯಿಂದ ಸೊಂಟಕ್ಕೆ ಸುತ್ತುವ ಹೊಸ ಬಿಳಿ ಮುಂಡೊಂದನ್ನು ತಂದು ಅಪ್ಪನ ಕೈಗಿತ್ತರು. “ಕಳಿಸಿಕೊಡು. ಇದನ್ನುಟ್ಟು ಓಡಲಿ.”

ಮಾವ ಪಟದಿಂದ ಕಣ್ಣು ತೆಗೆಯದೆ ಹೇಳಿದರು: “ಅದನ್ನುಟ್ಟು ಓಡಿದರೂ ಗುರಿ ಮುಟ್ಟುವಾಗ ಮೈಮೇಲೆ ಉಳಿಯುವುದು ಈ ಚಡ್ಡಿಯೇ ಅಮ್ಮ.”

ಅದು ಯಾರ ಕೋಲು?

ಪಂದ್ಯ ಮುಗಿದ ಮೇಲೆ ಅವರು ರಜೆಯಲ್ಲಿ ಊರಿಗೆ ಬಂದು ಹೆಣ್ಣು ನೋಡಲು ನಮ್ಮಲ್ಲಿಗೆ ಬಂದರು. ನಾನು ಬಾಗಿಲ ಸಂದಿನಲ್ಲಿ ನಿಂತಿದ್ದೆ. ಇವತ್ತು ಮಾವ ಬೇಡ ಎಂದರೆ ಮುಗಿಯಿತು.

“ಗೆದ್ದದ್ದು ಉಂಟಾ?” ಮಾವ ಕೇಳಿದರು.

“ಎರಡನೆಯವರಾದೆವು.”

“ಆದೆವು ಅಂದರೆ?”

“ನಾಲ್ಕು ಜನ. ಒಬ್ಬ ಕೋಲು ಹಿಡಿದು ಓಡಿ ಮುಂದಿನವನ ಕೈಗೆ ಕೊಡುವುದು.”

“ಕೊಟ್ಟ ಮೇಲೆ ನೀನು ಎಂತ ಮಾಡಿದೆ?”

“ನಿಂತೆ.”

ಮಾವ ಅಪ್ಪನ ಕಡೆ ತಿರುಗಿದರು. “ಕೈಗೆ ಬಂದದ್ದನ್ನು ಇನ್ನೊಬ್ಬನಿಗೆ ಕೊಟ್ಟು ಸುಮ್ಮನೆ ನಿಲ್ಲುವವನಿಗೆ ನಮ್ಮ ಹುಡುಗಿಯನ್ನು ಕೊಡುವುದಾ ಭಾವ?”

ಹುಡುಗ ಮೆಲ್ಲಗೆ, “ಇದೂ ಅಳಿಯಕಟ್ಟಿನ ಹಾಗೆಯೇ ಮಾವ” ಎಂದರು. “ನೀವು ನಿಮ್ಮ ಮಾವನಿಂದ ತೆಗೆದುಕೊಂಡಿರಿ, ನಾಳೆ ಅಳಿಯನಿಗೆ ಕೊಡುತ್ತೀರಿ. ನಡುವೆ ಕೈತಪ್ಪಿ ಬಿದ್ದರೆ ನಮಗೆ ಸೋಲು, ನಿಮಗೆ ಕೋರ್ಟು.”

ಅಳಿಯಂದಿರ ವ್ಯಾಜ್ಯಕ್ಕೆಂದು ಕಾಸರಗೋಡಿಗೆ ಅಲೆದು ಚಪ್ಪಲಿ ಸವೆಸಿದ್ದ ಮಾವ ನಕ್ಕೇಬಿಟ್ಟರು. “ಹೇಗೆ ಕೊಡುವುದು, ತೋರಿಸು ನೋಡುವ” ಎಂದು ತಮ್ಮ ಊರುಗೋಲನ್ನು ಎತ್ತಿಕೊಂಡರು.

ಅವರು ಅಂಗಳಕ್ಕಿಳಿದು ಮಾವನಿಗೆ ಬೆನ್ನು ಹಾಕಿ ನಿಂತರು. ಒಂದು ಕಾಲು ಮುಂದಿಟ್ಟು, ತಿರುಗಿ ನೋಡದೆ, ಕೈಯನ್ನು ಹಿಂದಕ್ಕೆ ಚಾಚಿದರು. ಕೋಲು ಅಂಗೈಗೆ ತಾಗಿದ್ದೇ ತಡ, ಅಭ್ಯಾಸದ ಬಲ ನೋಡಿ, ಓಡಿಯೇ ಓಡಿದರು! ಬೇಲಿಯ ತಡಮೆ ಹಾರಿ, ಗದ್ದೆಯ ಹುಣಿಯ ಕಾಲುದಾರಿ ಹಿಡಿದು.

ಮಾವ ಕಂಬವನ್ನು ಅಪ್ಪಿಕೊಂಡು ಕೂಗಿದರು: “ಅಯ್ಯೋ ಮಾರಾಯ, ಅದು ನನ್ನ ಕೋಲು! ಹಿಡಿಯಿರಿ ಅವನನ್ನು!”

ಏಷ್ಯಾದಲ್ಲಿ ಒಂದು ದೇಶ ಬಿಟ್ಟರೆ ಯಾರಿಗೂ ಹಿಡಿಯಲಾಗದವರನ್ನು ಮಂಗಲ್ಪಾಡಿಯವರು ಹಿಡಿಯುವುದುಂಟೇ? ಅರ್ಧ ಗದ್ದೆ ದಾಟಿದ ಮೇಲೆ ಅವರಿಗೇ ನೆನಪಾಗಿ, ನಾಚಿಕೊಂಡು ತಿರುಗಿ ಬಂದು ಕೋಲನ್ನು ಎರಡೂ ಕೈಯಲ್ಲಿ ಮಾವನಿಗೊಪ್ಪಿಸಿದರು.

ಮಾವ ಕೋಲನ್ನು ಮೇಲೆ ಕೆಳಗೆ ನೋಡಿದರು. “ತೆಗೆದುಕೊಂಡು ಹೋದದ್ದನ್ನು ತಿರುಗಿ ತಂದುಕೊಟ್ಟ. ನನ್ನ ಅಳಿಯಂದಿರಲ್ಲಿ ಈವರೆಗೆ ಯಾರೂ ಹಾಗೆ ಮಾಡಿದ್ದಿಲ್ಲ. ದಿನ ನೋಡಿ ಭಾವ.”

ಕೈ ನೀಡುವುದು

ಮದುವೆ ನಮ್ಮ ಅಂಗಳದಲ್ಲೇ. ಧಾರೆಯ ಹೊತ್ತಿಗೆ ಹಿರಿಯರು ಹೆಣ್ಣಿನ ಕೈಯನ್ನು ಗಂಡಿನ ಕೈಯಲ್ಲಿಟ್ಟು ನೀರೆರೆಯುವುದು ಕ್ರಮ. ಅವರು ಜನರಿಗೆ ಮುಖ ಮಾಡಿ ನಿಂತಿದ್ದರು. ಮಾವ ನನ್ನನ್ನು ಅವರ ಹಿಂದಿನಿಂದ ಕರೆತರುತ್ತಿದ್ದರು. ಭಟ್ಟರು, “ಮದುಮಗ ಕೈ ನೀಡಬೇಕು” ಎಂದರು.

ಅಷ್ಟು ಜನರ ಎದುರು ಗಾಬರಿಯಾಯಿತೋ ಏನೋ. ಅವರು ಮುಂದೆ ನೋಡುತ್ತಲೇ ಒಂದು ಕಾಲು ಮುಂದಿಟ್ಟು, ಅಂಗೈ ಅಗಲಿಸಿ, ಕೈಯನ್ನು ಹಿಂದಕ್ಕೆ ಚಾಚಿದರು.

ಅಜ್ಜಿಗೆ ತಡೆಯಲಾಗಲಿಲ್ಲ. “ಓಡಲಿಕ್ಕುಂಟು! ಯಾರಾದರೂ ತಡಮೆ ಹಾಕಿ!”

ಮಾವ ಅವಸರ ಮಾಡಲಿಲ್ಲ. ಊರುಗೋಲನ್ನು ಅಪ್ಪನಿಗೆ ಕೊಟ್ಟು, ನನ್ನ ಕೈಯನ್ನು ಆ ಚಾಚಿದ ಅಂಗೈಯಲ್ಲಿಟ್ಟು, ಮೇಲಿಂದ ಗಟ್ಟಿಯಾಗಿ ಒತ್ತಿ ಹಿಡಿದರು. ಆಮೇಲೆ ಮದುಮಗನ ಕಿವಿಯ ಹತ್ತಿರ ಬಾಗಿದರು. ಕಿವಿ ಮಂದ ಇದ್ದವರ ಗುಟ್ಟಲ್ಲವೇ, ಇಡೀ ಚಪ್ಪರಕ್ಕೆ ಕೇಳಿಸಿತು:

“ಇದು ಮುಂದಿನವನಿಗೆ ಕೊಡುವ ಕೋಲಲ್ಲ ಮಾರಾಯ. ಈ ಓಟದಲ್ಲಿ ನೀನೇ ಕೊನೆಯವ!”