ಭಾವನ ಹಣೆಯ ಕ್ಯಾಮೆರಾ ಮತ್ತು ಬನಿಯಾಸಿನ ಟರ್ಕಿ

ಬಂದೂಕಿಲ್ಲದೆ, ನಾಯಿಯಿಲ್ಲದೆ, ಕಾಡು ಎಂಬುದೇ ಇಲ್ಲದ ಊರಿನಲ್ಲಿ ಪ್ರತಿ ಶುಕ್ರವಾರ ತಪ್ಪದೆ ಬೇಟೆಗೆ ಹೊರಡುವ ಮನುಷ್ಯ ಯಾರಾದರೂ ಇದ್ದರೆ ಅದು ನನ್ನ ಹೆಂಡತಿಯ ಅಣ್ಣ. ಭಾವ ಎಂದು ಕರೆಯಬೇಕಾದ್ದರಿಂದ ಭಾವ ಎಂದೇ ಕರೆಯುತ್ತೇನೆ. ಅವರೂ ನನ್ನನ್ನು ಭಾವ ಎಂದೇ ಕರೆಯುವುದು. ಸಂಬಂಧ ಇಲ್ಲದಿದ್ದರೆ ಏನೆಂದು ಕರೆಯುತ್ತಿದ್ದೆ ಎಂಬುದನ್ನು ನನ್ನ ಹೆಂಡತಿಯೂ ಓದಬಹುದಾದ ಈ ಬರಹದಲ್ಲಿ ಹೇಳಲಾರೆ.

ಬೇಟೆ ಎಂದೊಡನೆ ಗಾಬರಿಯಾಗಬೇಡಿ. ಭಾವ ಇರುವೆಯನ್ನೂ ಕೊಂದವರಲ್ಲ. ಅಮೆರಿಕದ ಯಾರೋ ಗಡ್ಡದವರು ಹಣೆಗೆ ಪುಟ್ಟ ಕ್ಯಾಮೆರಾ ಕಟ್ಟಿಕೊಂಡು, ಮರಕ್ಕೊರಗಿ ಕೂತು, ಕಾಡು ಟರ್ಕಿ ಕೋಳಿಗಳನ್ನು ಬೇಟೆಯಾಡುವ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ ಅವರಿಗೆ ತಲೆಗೆ ಹತ್ತಿತು. ನಾವಿರುವ ಅಬುಧಾಬಿಯಲ್ಲಿ ಕಾಡು ಟರ್ಕಿ ಸಿಗುವುದಿಲ್ಲ. ಕ್ಯಾಮೆರಾ ಸಿಗುತ್ತದೆ. ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಕ್ಯಾಮೆರಾ, ಅದನ್ನು ಹಣೆಗೆ ಕಟ್ಟಲು ರಬ್ಬರಿನ ಪಟ್ಟಿ, ಎರಡನ್ನೂ ತಂದರು. ಇನ್ನು ಬೇಟೆಯಾಡಲು ಏನಾದರೊಂದು ಬೇಕಲ್ಲ? ಅಂದಿನಿಂದ ಕಣ್ಣಿಗೆ ಬಿದ್ದದ್ದೆಲ್ಲ ಬೇಟೆಯೇ.

ಮೊದಲನೆಯದು ಪಾರ್ಕಿಂಗ್ ಬೇಟೆ. ಶುಕ್ರವಾರ ಸಂಜೆ ಬರ್ ದುಬೈಯಲ್ಲಿ ದೇವಸ್ಥಾನದ ಗಲ್ಲಿಯ ಹತ್ತಿರ ಗಾಡಿ ನಿಲ್ಲಿಸಲು ಜಾಗ ಹುಡುಕಿದವರಿಗೆ ಅದು ಬೇಟೆಯೋ ಅಲ್ಲವೋ ಎಂದು ನಾನು ಹೇಳಿಕೊಡಬೇಕಾಗಿಲ್ಲ. ನಾವು ಅಬುಧಾಬಿಯ ಖಾಲಿದಿಯಾದ ನಮ್ಮ ಮನೆಯಿಂದ ದರ್ಶನಕ್ಕೆಂದು ಹೋಗಿದ್ದೆವು. ಸ್ಟೇರಿಂಗ್ ಹಿಡಿದವನು ನಾನು, ಪಕ್ಕದಲ್ಲಿ ಭಾವ, ಅವರ ಹಣೆಯಲ್ಲಿ ಕ್ಯಾಮೆರಾ. ಪಿಸುದನಿಯಲ್ಲಿ ವೀಕ್ಷಕ ವಿವರಣೆ ಶುರುವಾಯಿತು.

"ಅದೋ, ಬಿಳಿ ಗಾಡಿಯೊಂದು ಅಲ್ಲಾಡಿದ ಹಾಗೆ ಕಾಣ್ತದೆ. ಯಾರೂ ಮಾತಾಡ್ಬೇಡಿ. ಹೆದರಿದ್ರೆ ಪುನಃ ಅಲ್ಲೇ ಕೂತ್ಕೊಳ್ತದೆ ಅದು."

ಹಿಂದಿನ ಸೀಟಿನಲ್ಲಿ ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹನ್ನೊಂದನೇ ಕ್ಲಾಸಿನ ಹುಡುಗಿ. ನಾನು ಏನಾದರೂ ತಮಾಷೆ ಮಾಡಿದರೆ ಮೊಬೈಲಿನಿಂದ ತಲೆಯೆತ್ತದೆ "ಓಕೆ ಪಪ್ಪ" ಎನ್ನುವವಳು! ಆ ಜಾಗವನ್ನು ಕೊನೆಗೆ ಕಂಡುಹಿಡಿದದ್ದು ನಾನು, ಎದುರಿನಿಂದ ನುಗ್ಗುತ್ತಿದ್ದ ದೊಡ್ಡ ಗಾಡಿಯನ್ನು ತಡೆದದ್ದು ನಾನು, ಹಿಂದಕ್ಕೆ ತೆಗೆದು ಸರಿಯಾಗಿ ಕೂರಿಸಿದ್ದೂ ನಾನು. ವಿಡಿಯೋ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋದಾಗ ಹೊಗಳಿಕೆಯೆಲ್ಲ ಭಾವನಿಗೆ. ಆ ವಿಡಿಯೋದಲ್ಲಿ ನನ್ನದೆಂದು ಇದ್ದದ್ದು ಬಲಗೈಯ ಮೊಣಕೈ ಒಂದೇ. ಅದೂ ಅರ್ಧ.

ಆಮೇಲೆ ಮೀನು ಬೇಟೆ. ಸಮುದ್ರದ ಬದಿಯಲ್ಲಿ ಗಾಳ ಹಾಕಿ ಕೂತು ಭಾವ ಹಿಡಿದದ್ದು ಯಾರದ್ದೋ ಎಡಗಾಲಿನ ಚಪ್ಪಲಿ. ಅದನ್ನೇ ಮೇಲಕ್ಕೆತ್ತಿ, "ಇದರ ಜೋಡಿ ಇಲ್ಲೇ ಎಲ್ಲೋ ಉಂಟು, ಒಂಟಿಯಾಗಿ ತಿರುಗುವ ಜಾತಿ ಅಲ್ಲ ಇದು" ಎಂದರು. ಊರಿನಲ್ಲಿ ನನ್ನ ಅಮ್ಮ ಆ ವಿಡಿಯೋವನ್ನು ನೆರೆಮನೆಯವರನ್ನು ಕರೆದು ತೋರಿಸಿದರಂತೆ. ನಾನು ಮ್ಯಾನೇಜರ್ ಆದ ದಿನ ಫೋನ್ ಮಾಡಿದಾಗ "ಹೌದಾ, ಊಟ ಆಯ್ತಾ?" ಎಂದಿದ್ದ ಅದೇ ಅಮ್ಮ! ಹೊಟ್ಟೆಕಿಚ್ಚು ಎಂದರೆ ಬರಿಯ ಮಾತು ಎಂದುಕೊಂಡಿದ್ದೆ. ಅಲ್ಲ. ಅದು ನಿಜವಾಗಿಯೂ ಹೊಟ್ಟೆಯಲ್ಲೇ, ಸ್ವಲ್ಪ ಮೇಲ್ಗಡೆ, ಎಡಬದಿಗೆ ಉರಿಯುತ್ತದೆ.

ಎಡಬದಿಯ ಆ ಉರಿಯೆಲ್ಲ ಹೊಟ್ಟೆಕಿಚ್ಚಲ್ಲ ಎಂದು ಗೊತ್ತಾದದ್ದು ಆಸ್ಪತ್ರೆಯಲ್ಲಿ. ಹೃದಯದ ರಕ್ತನಾಳಕ್ಕೆ ಒಂದು ಸ್ಟೆಂಟ್ ಹಾಕಿದರು. ಹೆದರಿಕೆ ಇಳಿದ ಮೇಲೆ ಮಲಗಿದಲ್ಲೇ ಯೋಚಿಸಿದೆ: ಆದದ್ದಾಯಿತು, ಇನ್ನು ಸ್ವಲ್ಪ ದಿನವಾದರೂ ಎಲ್ಲರೂ ನನ್ನನ್ನೇ ನೋಡುತ್ತಾರೆ. ಎದೆಯೊಳಗೆ ತಂತಿಯ ಕೊಳವೆ ಇರುವವನ ಮುಂದೆ ಹಣೆಯ ಕ್ಯಾಮೆರಾ ಯಾವ ಲೆಕ್ಕ? ಅಷ್ಟರಲ್ಲಿ ಬಿ.ಪಿ. ನೋಡಲು ಬಂದ ನರ್ಸ್, ನಮ್ಮ ಕಡೆಯ ಕೊಂಕಣಿ ಹುಡುಗಿ, ನನ್ನ ತೋಳಿಗೆ ಪಟ್ಟಿ ಸುತ್ತುತ್ತಾ ಭಾವ ಮಾತಾಡುತ್ತಾ ಕೂತಿದ್ದ ಪಕ್ಕದ ಕುರ್ಚಿಯತ್ತ ನೋಡಿದಳು.

"ಸರ್, ನೀವಲ್ವಾ ಆ ಪಾರ್ಕಿಂಗಿನವರು? ಸ್ವರ ಕೇಳಿಯೇ ಗೊತ್ತಾಯ್ತು. ಯಾರೋ ಫಾರ್ವರ್ಡ್ ಮಾಡಿದ್ದನ್ನು ನಮ್ಮ ರೂಮಿನಲ್ಲಿ ಎಲ್ಲರೂ ನೋಡಿದ್ದೇವೆ."

ಭಾವ ನಾಚಿಕೊಂಡರು. ನನ್ನ ಬಿ.ಪಿ. ಎಷ್ಟಿತ್ತೆಂದು ಅವಳು ಹೇಳಲಿಲ್ಲ, ಇನ್ನೊಮ್ಮೆ ನೋಡುತ್ತೇನೆ ಎಂದಳು ಅಷ್ಟೆ. ನನ್ನನ್ನು ಮನೆಗೆ ಬಿಡುವ ತನಕ ಭಾವ ಆ ಕುರ್ಚಿ ಬಿಟ್ಟು ಏಳಲಿಲ್ಲ. ಅದಕ್ಕೂ ಎಲ್ಲರಿಂದ ಶಹಭಾಸ್‌ಗಿರಿ. ಬೇಟೆಗಾರರಿಗೆ ಕೂತಲ್ಲೇ ಕೂರುವ ಅಭ್ಯಾಸ ಇರುತ್ತದೆ, ಅದರಲ್ಲಿ ಏನು ದೊಡ್ಡದು? ಹೀಗೆಂದು ಹೆಂಡತಿಗೆ ಹೇಳಿದೆ. ಅವಳು ಉಪ್ಪಿಲ್ಲದ ಗಂಜಿಯನ್ನು ನನ್ನ ಮುಂದೆ ಸರಿಸಿದಳು.

ಇಷ್ಟೆಲ್ಲ ಆಗಿ ಕೆಲವು ತಿಂಗಳ ಮೇಲೆ, ಚಳಿಗಾಲದ ಒಂದು ಗುರುವಾರ, ಭಾವನ ಫೋನ್ ಬಂತು. ಅವರ ಕೆಲಸ ಫಾರ್ಮುಗಳಲ್ಲಿ ನೀರಿನ ಪಂಪು ನೋಡಿಕೊಳ್ಳುವುದು. ಅಬುಧಾಬಿಯ ಹೊರವಲಯದ ಬನಿಯಾಸಿನಿಂದ ಮುಂದೆ ಒಬ್ಬ ಅರಬ್ ಯಜಮಾನರ ಫಾರ್ಮಿನಲ್ಲಿ ಗಾಳಿಗೆ ಗೂಡಿನ ಬಾಗಿಲು ಕಿತ್ತುಹೋಗಿ ಸಾಕಿದ ಟರ್ಕಿ ಕೋಳಿಗಳೆಲ್ಲ ಖರ್ಜೂರದ ಮರಗಳ ನಡುವೆ ಚೆದುರಿದ್ದವಂತೆ. ಹಿಡಿದುಕೊಟ್ಟವರು ಒಂದನ್ನು ಮನೆಗೆ ಒಯ್ಯಬಹುದು ಎಂದು ಯಜಮಾನರು ಹೇಳಿದ್ದರಂತೆ.

"ಟರ್ಕಿ, ಭಾವ! ನಿಜವಾದ ಟರ್ಕಿ!" ಭಾವನ ದನಿ ನಡುಗುತ್ತಿತ್ತು. "ನಾಳೆ ಬೆಳಿಗ್ಗೆ ನೀವೂ ಬರ್ಬೇಕು ಮಾರಾಯ್ರೆ. ನೀವು ಇಲ್ಲದಿದ್ರೆ ನಾನು ಹೋಗುದಿಲ್ಲ."

ನಾನಿಲ್ಲದೆ ಚೀಲ ಹಿಡಿಯುವವರು ಯಾರು? ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಹೆಂಡತಿ ನಡುವೆ ಬಾಯಿ ಹಾಕಿದಳು. "ಹೋಗಿ ಬನ್ನಿ ನೀವು. ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲೇ ಮುಖ ಊದಿಸಿಕೊಂಡು ಕೂತಿದ್ದೀರಿ." ಅಣ್ಣ ತಂಗಿ ಮೊದಲೇ ಮಾತಾಡಿಕೊಂಡಿದ್ದರು ಎಂಬುದು ಸ್ಪಷ್ಟವಾಗಿತ್ತು. ಮಗಳು ಒಳಗಿನಿಂದ, "ಪಪ್ಪ? ಹಂಟಿಂಗ್?" ಎಂದು ಕೇಳಿ ನಕ್ಕಳು. ಬಹಳ ಕಾಲದ ನಂತರ ನನ್ನಿಂದಾಗಿ ನಕ್ಕದ್ದು. ಆದರೆ ನಾನು ಬಯಸಿದ ನಗು ಅದಾಗಿರಲಿಲ್ಲ.

ಆಗಲೇ ನಿಶ್ಚಯಿಸಿದೆ. ಟರ್ಕಿಯನ್ನು ನಾನೇ ಹಿಡಿಯುತ್ತೇನೆ. ಭಾವನ ಹಣೆಯ ಕ್ಯಾಮೆರಾದ ಮುಂದೆಯೇ ಹಿಡಿಯುತ್ತೇನೆ. ಅವರ ವಿಡಿಯೋದಲ್ಲಿ ಒಂದು ಸಲವಾದರೂ ಮೊಣಕೈಯಿಂದಾಚೆಗೂ ನಾನಿದ್ದೇನೆ ಎಂದು ನನ್ನ ಮಗಳು ನೋಡಬೇಕು.

ಮರುದಿನ ಫಾರ್ಮಿನ ಗೇಟಿನಲ್ಲಿ ಭಾವನ ಅವತಾರ ನೋಡಬೇಕಿತ್ತು. ಬೇಟೆಗಾರರು ಕಾಡಿನಲ್ಲಿ ಕಾಣದಿರಲೆಂದು ತೊಡುವ, ಮೈತುಂಬಾ ಎಲೆಗಳ ಚಿತ್ರವಿರುವ ಹಸಿರು ಅಂಗಿ. ಸುತ್ತಮುತ್ತ ಬರಿಯ ಮರಳು. ಹೆದ್ದಾರಿಯಲ್ಲಿ ಹೋಗುವವರಿಗೂ ಅವರೊಬ್ಬರೇ ಎದ್ದು ಕಾಣುತ್ತಿದ್ದರು! ಕೆಳಗೆ ಚಡ್ಡಿ, ಹೆಗಲ ಮೇಲೆ ನೀಲಿ ಚೌಕುಳಿ ಲುಂಗಿ. ಲುಂಗಿ ಯಾತಕ್ಕೆಂದು ಕೇಳಿದೆ. "ಬಲೆ. ಊರಿನಲ್ಲಿ ಅಜ್ಜಿ ಹುಂಜ ಹಿಡಿಯುವಾಗ ಹಳೆ ಬಟ್ಟೆ ಬೀಸುದಲ್ವಾ? ಹಾಗೆ." ಕೈಯಲ್ಲೊಂದು ಡಬ್ಬಿ. ಅದರಲ್ಲಿ ಕುಚ್ಚಲಕ್ಕಿ ಅನ್ನ. ನನ್ನ ಹೆಂಡತಿಯೇ ಕಟ್ಟಿಕೊಟ್ಟಿದ್ದಂತೆ. ನನಗೆ ಬೆಳಿಗ್ಗೆ ಕೊಟ್ಟದ್ದು ಓಟ್ಸ್.

ಟರ್ಕಿಯೂ ಒಂದು ಕೋಳಿಯೇ, ನಮ್ಮ ಅನ್ನ ಕಂಡರೆ ಓಡಿಬರುತ್ತದೆ ಎಂದು ಭಾವನ ಲೆಕ್ಕ. ಮರಳಿನ ಮೇಲೆ ಅನ್ನ ಚೆಲ್ಲಿ ನಾವಿಬ್ಬರೂ ಖರ್ಜೂರದ ಮರದ ಹಿಂದೆ ಕೂತೆವು. ಮೈನಾಗಳು ಬಂದವು. ಪಾರಿವಾಳಗಳು ಬಂದವು. ಅನ್ನ ಖಾಲಿಯಾಯಿತು. ದೂರದಲ್ಲಿ ದೊಡ್ಡದೊಂದು ಗಂಡು ಟರ್ಕಿ, ಬಾಲ ಬಿಚ್ಚಿ, ಕತ್ತಿನ ಕೆಂಪು ಜೋಲು ಅಲ್ಲಾಡಿಸುತ್ತಾ ಅತ್ತಿಂದಿತ್ತ ಶತಪಥ ಹಾಕುತ್ತಿತ್ತು. ಕುಚ್ಚಲಕ್ಕಿ ಅನ್ನದ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ.

"ಅದಕ್ಕೆ ಮೀನು ಸಾರು ಬೇಕಾಗಿತ್ತೋ ಎಂತದೋ" ಎಂದು ಭಾವ ತಮ್ಮ ಮಾತಿಗೆ ತಾವೇ ಗಟ್ಟಿಯಾಗಿ ನಕ್ಕರು. ತಕ್ಷಣ ಟರ್ಕಿ ಕುತ್ತಿಗೆ ಚಾಚಿ ಗುಳುಗುಳುಗುಳು ಎಂದು ಕೂಗಿತು. ಭಾವನಿಗೆ ಆನಂದವೋ ಆನಂದ. ಮತ್ತೆ ನಕ್ಕರು. ಮತ್ತೆ ಗುಳುಗುಳು. ಕೆಮ್ಮಿದರು, ಅದಕ್ಕೂ ಗುಳುಗುಳು. ನಾನೂ ಒಮ್ಮೆ ಕೆಮ್ಮಿದೆ. ಸದ್ದಿಲ್ಲ. ಚಪ್ಪಾಳೆ ತಟ್ಟಿದೆ. ಸದ್ದಿಲ್ಲ. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಬನಿಯಾಸಿನ ಟರ್ಕಿಗೂ ಭಾವನೇ ಬೇಕು!

ಆದರೆ ದೇವರಿದ್ದಾನೆ. ನಾನು ಹಾಕಿದ್ದು ಆಫೀಸಿನ ಕರಿ ಬೂಟು, ಹಿಂದಿನ ದಿನ ಪಾಲಿಶ್ ಮಾಡಿದ್ದು. ಅದರ ತುದಿಯಲ್ಲಿ ಬಿಸಿಲು ಮಿನುಗಿದ್ದನ್ನು ಕಂಡು ಟರ್ಕಿ ನಿಂತಿತು. ತಲೆ ಓರೆ ಮಾಡಿತು. ಹೆಜ್ಜೆ ಹೆಜ್ಜೆಯಾಗಿ ನನ್ನ ಕಡೆಗೆ, ಹೌದು, ನನ್ನ ಕಡೆಗೇ ಬರತೊಡಗಿತು. ನಾನು ಎದ್ದು ನಿಂತು ಕಾಲನ್ನು ಮುಂದಕ್ಕೆ ಚಾಚಿದೆ.

"ಭಾವ, ಕ್ಯಾಮೆರಾ ಆನ್ ಉಂಟಲ್ಲ?" ಪಿಸುಗುಟ್ಟಿದೆ.

"ಉಂಟು, ಉಂಟು. ನೀವು ಕೂತ್ಕೊಳ್ಳಿ. ಬಿಸಿಲು ಏರಿತು."

"ಈಗ ಕೂರ್ಲಿಕ್ಕಾಗ್ತದಾ?"

"ಹಾಗಾದ್ರೆ ಸ್ವಲ್ಪ ನೀರು ಕುಡೀರಿ."

ಬೇಟೆ ಕಾಲ ಬುಡಕ್ಕೆ ಬಂದಿರುವಾಗ ನೀರಂತೆ! ಬೇಕೆಂದೇ ಕೆಡಿಸುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಟರ್ಕಿ ಬೂಟಿಗೆ ಕೊಕ್ಕು ಕುಟ್ಟಿತು. ನಾನು ಹಾರಿದೆ. ಐವತ್ತು ದಾಟಿದವನು, ಸ್ಟೆಂಟ್ ಹಾಕಿಸಿಕೊಂಡವನು, ಹಾರಿ ಅದನ್ನು ಎರಡೂ ಕೈಗಳಿಂದ ತಬ್ಬಿದೆ. ರೆಕ್ಕೆಯ ಏಟು ಮುಖಕ್ಕೆ, ಮರಳು ಬಾಯಿಗೆ. ಇಬ್ಬರೂ ನೆಲಕ್ಕುರುಳಿದೆವು, ಆದರೆ ಬಿಡಲಿಲ್ಲ. ಹಿಡಿದೆ! ನಾನು ಹಿಡಿದೆ!

"ಬಿಡಿ ಭಾವ! ಬಿಡಿ ಅದನ್ನು!" ಭಾವ ಕೂಗುತ್ತಾ ಓಡಿಬಂದರು. ಲುಂಗಿಯನ್ನು ಎಲ್ಲೋ ಎಸೆದರು. ಟರ್ಕಿಯ ಮೇಲಿಂದ ನನ್ನ ಕೈಗಳನ್ನು ಒಂದೊಂದಾಗಿ ಬಿಡಿಸಿದರು. ಅದು ಒದರಿಕೊಂಡು ಎದ್ದು, ಒಮ್ಮೆ ಗುಳುಗುಳು ಎಂದು ಓಡಿಹೋಯಿತು. ಭಾವ ನನ್ನನ್ನು ಹಿಡಿದು ಕೂರಿಸಿ ಏನೇನೋ ಕೇಳಿದರು. ನನ್ನ ಕಿವಿಗೆ ಒಂದೂ ಬೀಳಲಿಲ್ಲ. ಟರ್ಕಿ ಹೋದ ದಿಕ್ಕನ್ನೇ ನೋಡುತ್ತಿದ್ದೆ. ಜೀವಮಾನದಲ್ಲಿ ಒಮ್ಮೆ ಗೆದ್ದಿದ್ದೆ, ಅದನ್ನೂ ಈ ಮನುಷ್ಯನಿಗೆ ನೋಡಲಾಗಲಿಲ್ಲ.

ವಾಪಸ್ಸು ಬರುವಾಗ ಗಾಡಿ ಅವರೇ ಓಡಿಸಿದರು. ಖರ್ಜೂರ ಕೊಟ್ಟರು, ಬೇಡವೆಂದೆ. ರೇಡಿಯೋ ಹಾಕಲಾ ಎಂದರು, ನಿಮ್ಮ ಇಷ್ಟ ಎಂದೆ. ಮನೆ ಮುಟ್ಟುವಷ್ಟರಲ್ಲಿ ಫಾರ್ಮಿನ ಕಾವಲುಗಾರನ ಫೋನ್ ಬಂತು. ಊಟದ ಹೊತ್ತಾದದ್ದೇ ಟರ್ಕಿಗಳೆಲ್ಲ ಸಾಲಾಗಿ ತಾವಾಗಿಯೇ ಗೂಡಿಗೆ ಬಂದವಂತೆ. ಭಾವ ಅವನಿಗೆ ಅರಬಿಯಲ್ಲಿ "ಖಲಾಸ್, ಮಾಫಿ ಮುಶ್ಕಿಲ್" ಎಂದರು, ಅಂದರೆ ಮುಗಿಯಿತು, ಏನೂ ತೊಂದರೆಯಿಲ್ಲ ಎಂದು. ನನಗೆ ಮುಶ್ಕಿಲ್ ಇತ್ತು.

ಉಳಿದದ್ದು ಒಂದೇ ಆಸೆ. ಕ್ಯಾಮೆರಾ ಆನ್ ಇತ್ತಲ್ಲ! ಟರ್ಕಿ ಹೋದರೂ ನಾನು ಹಿಡಿದದ್ದಕ್ಕೆ ಸಾಕ್ಷಿ ಇದೆಯಲ್ಲ! ಒಳಗೆ ಬಂದವನೇ ಮಗಳನ್ನು ಕರೆದೆ. "ಮಾಮನ ಕ್ಯಾಮೆರಾ ತೆಗೆದು ಲ್ಯಾಪ್‌ಟಾಪಿಗೆ ಹಾಕು. ನಿನ್ನ ಅಪ್ಪ ಏನು ಮಾಡಿದ ನೋಡು."

ಭಾವ ತಡವರಿಸಿದರು. "ಅದು ಬೇಡ ಮಾರಾಯ್ರೆ. ಚಂದ ಬಂದಿರ್ಲಿಕ್ಕಿಲ್ಲ. ಡಿಲೀಟ್ ಮಾಡುವ."

"ಹಾಕು" ಎಂದೆ. ಭಾವ ಪಟ್ಟಿ ಬಿಚ್ಚಿ ಮಗಳ ಕೈಗಿಟ್ಟು, ತಂಗಿಗೆ ಸಹಾಯ ಮಾಡುವ ನೆಪದಲ್ಲಿ ಅಡುಗೆಮನೆಗೆ ಜಾರಿಕೊಂಡರು. ನಾನು ಸೋಫಾದ ಅಂಚಿನಲ್ಲಿ ಕೂತೆ.

ಮೊದಲು ಮರಳು. ಆಮೇಲೆ ನನ್ನ ಬೆನ್ನು. ಆಮೇಲೆ ನಡೆಯುವ ನನ್ನ ಬೂಟುಗಳು. ಟರ್ಕಿ ಗುಳುಗುಳು ಎನ್ನುವುದು ಕೇಳಿಸಿತು, ಕಂಡದ್ದು ನನ್ನ ಬಲಗೆನ್ನೆ. "ಟರ್ಕಿ ಎಲ್ಲಿ?" ಎಂದೆ. ಮಗಳು ಮುಂದಕ್ಕೆ ಓಡಿಸಿದಳು. ಬಿಚ್ಚಿದ ಬಾಲವೊಂದು ಪರದೆಯ ಅಂಚಿಗೆ ಬಂತು. ಇನ್ನು ಬರುತ್ತದೆ ಎನ್ನುವಷ್ಟರಲ್ಲಿ ಕ್ಯಾಮೆರಾ ಅದನ್ನು ಬಿಟ್ಟು ಪುನಃ ನನ್ನ ಮುಖಕ್ಕೆ ತಿರುಗಿತು. ನಾನು ಹಣೆಯ ಬೆವರು ಒರೆಸಿದರೆ ಕ್ಯಾಮೆರಾ ನನ್ನ ಕೈಯ ಹಿಂದೆ ಹೋಗುತ್ತದೆ. ಅಂಗಿಯ ಕಿಸೆಯ ಪೆನ್ನು ಸರಿಮಾಡಲು ಎದೆಯ ಹತ್ತಿರ ಕೈ ಒಯ್ದರೆ ಬೆಚ್ಚಿಬಿದ್ದಂತೆ ಹತ್ತಿರ ಬರುತ್ತದೆ, ಪೆನ್ನೆಂದು ಗೊತ್ತಾದ ಮೇಲೆ ಮೆಲ್ಲನೆ ಹಿಂದೆ ಸರಿಯುತ್ತದೆ. ಹಣೆಗೆ ಕಟ್ಟಿದ ಕ್ಯಾಮೆರಾ ಮನುಷ್ಯ ನೋಡುವ ಕಡೆಗಲ್ಲದೆ ಬೇರೆ ಕಡೆ ನೋಡಲಾರದು.

ನಾನು ಹಾರಿದ ಜಾಗ ಬಂತು. ಹಾರಿದ್ದು ಕಾಣಲಿಲ್ಲ. ಆಕಾಶ, ಮರಳು, ಆಕಾಶ. ಓಡುವವರ ಏದುಸಿರು. ಆಮೇಲೆ ಪರದೆ ತುಂಬ ನನ್ನ ಎದೆಯ ಗುಂಡಿಗಳು, ನನ್ನ ನಾಡಿ ಹಿಡಿದ ಭಾವನ ಕೈ, ಅಷ್ಟು ಹೊತ್ತಿನ ತಮಾಷೆಯೆಲ್ಲ ಹೋಗಿಬಿಟ್ಟಿದ್ದ ಅವರ ದನಿ. "ಎಂತಾಗ್ತದೆ ಭಾವ? ಇಲ್ಲಿ ನೋಡಿ, ನನ್ನನ್ನು ನೋಡಿ. ಟರ್ಕಿ ಹಾಳಾಗಿ ಹೋಗ್ಲಿ. ಉಸಿರು ಬಿಡಿ ನೀವು."

ಮಗಳು ವಿಡಿಯೋ ನಿಲ್ಲಿಸಿದಳು. ಅವಳು ನಗುತ್ತಿರಲಿಲ್ಲ. "ಪಪ್ಪ, ಇದ್ರಲ್ಲಿ ಟರ್ಕಿನೇ ಇಲ್ಲ. ಇಟ್ಸ್ ಓನ್ಲಿ ಯೂ."

ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಭಾವ ಎಲೆಗಳ ಅಂಗಿಯಲ್ಲೇ ಈರುಳ್ಳಿ ಹೆಚ್ಚುತ್ತಿದ್ದರು. ಪಟ್ಟಿ ಕಟ್ಟಿದ್ದಲ್ಲಿ ಹಣೆಯ ಮೇಲೆ ಕೆಂಪು ಗೆರೆ ಇನ್ನೂ ಹೋಗಿರಲಿಲ್ಲ. ಬೈಸಿಕೊಳ್ಳಲು ತಯಾರಾದವರ ಹಾಗೆ ನನ್ನ ಕಡೆ ನೋಡಿದರು.

"ಭಾವ, ಮುಂದಿನ ಶುಕ್ರವಾರ ಬೇಟೆ ಎಲ್ಲಿ?" ಎಂದು ಕೇಳಿದೆ.

"ನೀವು ಬರ್ತೀರಾ?"

"ಬರ್ತೇನೆ. ಆದ್ರೆ ಕ್ಯಾಮೆರಾ ನಾನು ಕಟ್ಟಿಕೊಳ್ಳುದು. ನಿಮ್ಮನ್ನು ಯಾರಾದ್ರೂ ನೋಡ್ಬೇಕಲ್ಲ."